ವಿಜಯಪುರದಿಂದ ಬಾದಾಮಿ, ಕೂಡಲಸಂಗಮ: ಬೇಸಿಗೆಯಲ್ಲಿ ಸೈಕಲ್ ಮೇಲೆ ಹೋಗಿ ಬಂದವರು ಹೇಳಿ

ಕೇಳಿದವರು, ವಿಜಯಪುರ

ಎಲ್ಲರಿಗೂ ನಮಸ್ಕಾರ. ಮಗ ಹತ್ತನೇ ತರಗತಿ ಪರೀಕ್ಷೆ ಮುಗಿಸಿ ಮನೆಯಲ್ಲಿ ಕೂತಿದ್ದಾನೆ. ಇಡೀ ದಿನ ಮೊಬೈಲು. ಮೊನ್ನೆ ಸುಮ್ನೆ ಬಾಯಿಗೆ ಬಂತು ಅಂತ ಕೇಳಿದೆ, "ಸೈಕಲ್ ಮೇಲೆ ಬಾದಾಮಿಗೆ ಹೋಗೋಣೇನೋ?" ಮೊಬೈಲ್ ಕೆಳಗಿಟ್ಟುಬಿಟ್ಟ. ಈಗ ನಾನು ಹಿಂದೆ ಸರಿಯುವ ಹಾಗಿಲ್ಲ.

ನನಗೆ 44 ವರ್ಷ. ದಿನಾ ಆಫೀಸಿಗೆ ಸೈಕಲ್ ಮೇಲೆ ಹೋಗುತ್ತೇನೆ, ಅಷ್ಟೇ. ದೂರದ ಅಭ್ಯಾಸ ಇಬ್ಬರಿಗೂ ಇಲ್ಲ. ಮೇ ಎರಡನೇ ವಾರ ನಾಲ್ಕು ದಿನ ರಜೆ ಸಿಗುತ್ತದೆ. ಮೊದಲ ದಿನ ಕೊಲ್ಹಾರ, ಬಾಗಲಕೋಟೆ ಮೇಲೆ ನೇರ ಬಾದಾಮಿ. ಎರಡನೇ ದಿನ ಪಟ್ಟದಕಲ್ಲು, ಐಹೊಳೆ, ಕೂಡಲಸಂಗಮ. ಮೂರನೇ ದಿನ ಆಲಮಟ್ಟಿ, ಬಸವನ ಬಾಗೇವಾಡಿ, ಮನೆ. ನಾಲ್ಕನೇ ದಿನ ಮಲಗುವುದಕ್ಕೆ. ಇಷ್ಟು ಯೋಚನೆ ಮಾಡಿದ್ದೇನೆ. "ಈ ಬಿಸಿಲಾಗ ಅಪ್ಪ ಮಗ ಇಬ್ಬರಿಗೂ ತಲಿ ಕೆಟ್ಟದ" ಅನ್ನುತ್ತಿದ್ದಾಳೆ ಮನೆಯವಳು. ಹೋಗಿ ಬಂದವರು ಸ್ವಲ್ಪ ಹೇಳಿ.

ಬಾಗಲಕೋಟೆಯಿಂದ ಒಬ್ಬರು

ಅಣ್ಣಾ, ಬೇಜಾರು ಮಾಡಿಕೊಳ್ಳಬೇಡಿ, ವೈನಿ ಹೇಳಿದ್ದರಲ್ಲಿ ಅರ್ಧ ನಿಜ ಇದೆ. ನಿಮ್ಮ ಮೊದಲ ದಿನದ ಲೆಕ್ಕ 120 ಕಿ.ಮೀ. ಮೇಲೆ ಹೋಗುತ್ತದೆ. ಡಿಸೆಂಬರಿನಲ್ಲಾದರೆ ಕಷ್ಟಪಟ್ಟು ಆದೀತು. ಮೇ ತಿಂಗಳಲ್ಲಿ ಬೇಡ.

ನಾನೂ ಮೊದಲ ವರ್ಷ ಇದನ್ನೇ ಮಾಡಿದ್ದೆ. ವಿಜಯಪುರದಲ್ಲಿ ಆರಾಮಾಗಿ ಎದ್ದು, ನಾಷ್ಟಾ ಮಾಡಿ, ಏಳೂವರೆಗೆ ಬಿಟ್ಟೆ. ಕೊಲ್ಹಾರದ ತನಕ ಹಾಡು ಹೇಳುತ್ತಾ ಬಂದೆ. ಕೃಷ್ಣಾ ಸೇತುವೆ ದಾಟಿ ಕೊರ್ತಿ ಬಿಟ್ಟ ಮೇಲೆ ಶುರುವಾಯಿತು. ಎರಡೂ ಕಡೆ ಎರೆ ಹೊಲ, ಬೆಳೆ ಇಲ್ಲ, ಗಿಡ ಇಲ್ಲ. ಬಾಟಲಿಯ ನೀರು ಚಹಾಕ್ಕೆ ಕಾಯಿಸಿದ ಹಾಗಾಗಿತ್ತು. ಒಂದು ಗಂಟೆಯ ಹೊತ್ತಿಗೆ ಹ್ಯಾಂಡಲ್ ಹಿಡಿದರೆ ಅಂಗೈ ಸುಡುತ್ತಿತ್ತು. ಕೊನೆಗೆ ರಸ್ತೆ ಕೆಳಗಿನ ಒಂದು ಮೋರಿಯಲ್ಲಿ ಹೊಕ್ಕೆ. ಅಲ್ಲಿ ಆಗಲೇ ಒಬ್ಬ ಕಾಕಾ ಹತ್ತು ಹನ್ನೆರಡು ಆಡು ಕಟ್ಟಿಕೊಂಡು ಕೂತಿದ್ದರು. ಸರಿದು ಜಾಗ ಕೊಟ್ಟರು. ಅರ್ಧ ಉಳ್ಳಾಗಡ್ಡಿ, ತಂಬಿಗೆ ಮಜ್ಜಿಗೆ ಕೊಟ್ಟರು. ಆಮೇಲೆ ನನ್ನ ಬಿಗಿ ಚಡ್ಡಿ, ಹೆಲ್ಮೆಟ್ ಎಲ್ಲ ನೋಡಿ, "ಈ ಹೊತ್ತಿನ್ಯಾಗ ಆಡು ಸುದ್ದಾ ನಿಂತಿರ್ತಾವ, ನೀ ಎಲ್ಲಿಗೆ ಹೊಂಟಿ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಅಂದಿನಿಂದ ನಾನು ಕಿಲೋಮೀಟರ್ ಲೆಕ್ಕ ಹಾಕುವುದನ್ನೇ ಬಿಟ್ಟೆ. ಪ್ರತಿ ದಿನಕ್ಕೂ ಒಂದೇ ಪ್ರಶ್ನೆ: ಹನ್ನೊಂದು ಗಂಟೆಗೆ ನಾನು ಯಾವ ನೆರಳಿನಲ್ಲಿ ಇರುತ್ತೇನೆ? ಅದನ್ನು ಮೊದಲು ಗುರುತು ಮಾಡುತ್ತೇನೆ. ಗುಡಿ, ಲಾಡ್ಜು, ಧಾಬಾ, ಯಾವುದಾದರೂ ಸರಿ. ಅಲ್ಲಿಂದ ಹಿಂದಕ್ಕೆ ಎಣಿಸಿ ಎಷ್ಟಕ್ಕೆ ಬಿಡಬೇಕು ಅಂತ ನೋಡುತ್ತೇನೆ. ಮುಂಜಾನೆ ಐದಕ್ಕೆ ಬಿಟ್ಟರೆ, ಚಹಾ, ಗಾಳಿ ಹಾಕುವುದು, ಫೋಟೋ ಎಲ್ಲ ಸೇರಿ ಹತ್ತೂವರೆಗೆ 50 ಕಿ.ಮೀ. ಆಗುತ್ತದೆ. ಸಂಜೆ ನಾಲ್ಕೂವರೆ ಮೇಲೆ ಇನ್ನೊಂದು 20. ಹೊಸಬರಿಗೆ ಇಷ್ಟು ಸಾಕು, ನಿಮ್ಮ ಹುಡುಗ ಎಷ್ಟೇ ಗಟ್ಟಿ ಇರಲಿ.

ನನ್ನ ಕೇಳಿದರೆ ಹೋಗುವಾಗ ರೈಲಿನಲ್ಲಿ ಹೋಗಿ. ವಿಜಯಪುರ, ಬಾಗಲಕೋಟೆ, ಬಾದಾಮಿ ಒಂದೇ ಲೈನಿನ ಮೇಲಿವೆ. ಸ್ಟೇಷನ್ನಿನ ಪಾರ್ಸೆಲ್ ಕಚೇರಿಯಲ್ಲಿ ಸೈಕಲ್ ಬುಕ್ ಮಾಡಬಹುದು. ಹಿಂದಿನ ದಿನವೇ ಹೋಗಿ ಯಾವ ಗಾಡಿಗೆ ತೆಗೆದುಕೊಳ್ಳುತ್ತಾರೆ ಅಂತ ಕೇಳಿಕೊಂಡು ಬನ್ನಿ, ಎಲ್ಲ ಗಾಡಿಗೂ ಲಗೇಜ್ ಹತ್ತಿಸುವುದಿಲ್ಲ. ಬಾದಾಮಿ ಸ್ಟೇಷನ್ ಊರಿಂದ 5 ಕಿ.ಮೀ. ಇದೆ. ಅದೇ ನಿಮ್ಮ ಮೊದಲ ಸವಾರಿ.

ಇದರಲ್ಲಿ ಇನ್ನೊಂದು ಲಾಭ ಇದೆ. ಮೇ ತಿಂಗಳಲ್ಲಿ ನಮ್ಮ ಕಡೆ ಪಡುವಣ ಗಾಳಿ ಜೋರು. ಬಾದಾಮಿಯಿಂದ ಪಟ್ಟದಕಲ್ಲು 22 ಕಿ.ಮೀ., ಅಲ್ಲಿಂದ ಐಹೊಳೆ ಸುಮಾರು 14. ಎರಡೂ ಹೆಚ್ಚುಕಡಿಮೆ ಮೂಡಣ ದಿಕ್ಕು. ಗಾಳಿ ಬೆನ್ನಿಗೆ ಕೈ ಹಚ್ಚಿ ದಬ್ಬುತ್ತದೆ. ಇದೇ ದಾರಿಯಲ್ಲಿ ಉಲ್ಟಾ ಬಂದವರ ಮುಖ ನೋಡಿದ್ದೇನೆ, ಪಾಪ.

ಪಟ್ಟದಕಲ್ಲಿಗೆ ಏಳಕ್ಕೆಲ್ಲ ಮುಟ್ಟಿ. 1987ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಜಾಗ, ಹತ್ತರ ಮೇಲೆ ಬಸ್ಸು ಕಾರು ತುಂಬುತ್ತವೆ. ಅದಕ್ಕಿಂತ ಮುಖ್ಯ, ವಿರೂಪಾಕ್ಷ ಗುಡಿಯಲ್ಲಿ ಈಗಲೂ ಪೂಜೆ ಇದೆ, ಚಪ್ಪಲಿ ಬಿಡಬೇಕು. ಬಿಸಿಲೇರಿದ ಮೇಲೆ ಆ ಹಾಸುಗಲ್ಲು ಹಂಚಿನ ಹಾಗೆ ಕಾದಿರುತ್ತದೆ. ದಪ್ಪ ಸಾಕ್ಸ್ ಇಟ್ಟುಕೊಳ್ಳಿ. ನಾನು ನಂದಿ ಮಂಟಪದಿಂದ ಬಾಗಿಲ ತನಕ ಕುಣಿಯುತ್ತಾ ಹೋದದ್ದನ್ನು ಗೆಳೆಯರು ಇನ್ನೂ ಹೇಳಿ ನಗುತ್ತಾರೆ.

ಹತ್ತೂವರೆಗೆ ಐಹೊಳೆ. ಮಧ್ಯಾಹ್ನ ಅಲ್ಲೇ ಕಳೆಯಿರಿ, ದುರ್ಗದ ಗುಡಿಯ ಸುತ್ತಿನ ಹಜಾರದಲ್ಲಿ ತಂಪಿರುತ್ತದೆ. ಮ್ಯೂಸಿಯಂ ನೋಡಬೇಕಂದರೆ ಶುಕ್ರವಾರ ಬೇಡ, ಅಂದು ರಜೆ. ಸಂಜೆ ಅಮೀನಗಡದ ತನಕ ಮಾತ್ರ ಹೋಗಿ. ಕೂಡಲಸಂಗಮ ಮರುದಿನ ಬೆಳಿಗ್ಗೆ. ಅಲ್ಲಿ ದಾಸೋಹದ ಊಟ ಇದೆ, ಉಳಿಯುವುದಕ್ಕೂ ವ್ಯವಸ್ಥೆ ಇದೆ. ಕೃಷ್ಣೆ ಮಲಪ್ರಭೆ ಕೂಡುವ ಜಾಗ ನೋಡಿದರೆ ಈಜಬೇಕು ಅನಿಸುತ್ತದೆ. ಬೇಡ. ಹುಡುಗನನ್ನು ಕಾಲುವೆಗೂ ಇಳಿಸಬೇಡಿ. ನೀರು ಶಾಂತ ಕಾಣುತ್ತದೆ, ಒಳಗೆ ಸೆಳೆತ ಬೇರೆ.

ಅಮೀನಗಡದಲ್ಲಿ ಕರದಂಟು ತೆಗೆದುಕೊಳ್ಳುವುದು ಮರೆಯಬೇಡಿ. ಮನೆಗೆ ಅಂತಲ್ಲ, ಜೇಬಿಗೆ. ಬೆಲ್ಲ, ಅಂಟು, ಒಣಹಣ್ಣು ಎಲ್ಲ ಒಂದೇ ತುಂಡಿನಲ್ಲಿ. ಪೇಟೆಯ ದುಬಾರಿ ಎನರ್ಜಿ ಬಾರ್ ಇದರ ಮುಂದೆ ಏನೂ ಅಲ್ಲ.

ವಿಜಯಪುರದಿಂದ, ಸೈಕಲ್ ರಿಪೇರಿಯವರು

ಮೇಲಿನವರು ಸೈಕಲ್ ಬಗ್ಗೆ ಒಂದು ಮಾತೂ ಹೇಳಲಿಲ್ಲ. ಸೈಕಲ್ ರೇಸಿಗೆ ಹೆಸರಾದ ಜಿಲ್ಲೆಗಳು ನಮ್ಮವು, ನೆನಪಿರಲಿ!

ಯಾವ ಸೈಕಲ್ ಅಂತ ನೀವು ಬರೆದಿಲ್ಲ. 26 ಇಂಚಿನ ಸಾದಾ ಗಾಲಿ ಇದ್ದರೆ ಹಳ್ಳಿಯಲ್ಲೂ ಟ್ಯೂಬ್ ಸಿಗುತ್ತದೆ. ಮಗನದು ಹೊಸ ನಮೂನೆ 700 ಅಳತೆಯ ತೆಳು ಗಾಲಿ ಇದ್ದರೆ ಎರಡು ಟ್ಯೂಬ್ ಇಲ್ಲಿಂದಲೇ ಒಯ್ಯಿರಿ. ವಾಲ್ವ್ ನೋಡಿ. ಕಡ್ಡಿಯ ಹಾಗೆ ಸಣ್ಣ ವಾಲ್ವ್ ಇದ್ದರೆ ಪಂಕ್ಚರ್ ಅಂಗಡಿಯ ಪೈಪು ಕೂರುವುದಿಲ್ಲ. ಅದಕ್ಕೊಂದು ಪುಟ್ಟ ಹಿತ್ತಾಳೆ ಅಡಾಪ್ಟರ್ ಬರುತ್ತದೆ, ಕೀ ಗೊಂಚಲಿಗೆ ಕಟ್ಟಿಕೊಳ್ಳಿ. ಅದೊಂದು ಇಲ್ಲದೆ ಸೈಕಲ್ ಬಸ್ಸಿನ ಮೇಲೆ ಹಾಕಿಕೊಂಡು ಬಂದವರನ್ನು ನೋಡಿದ್ದೇನೆ.

ಜಾಲಿ ಮುಳ್ಳು. ಇದೇ ನಿಮ್ಮ ದೊಡ್ಡ ವೈರಿ. ನೆರಳು ಕಂಡಿತು ಅಂತ ಜಾಲಿ ಗಿಡದ ಕೆಳಗೆ ಸೈಕಲ್ ದೂಡಿಕೊಂಡು ಹೋಗಬೇಡಿ, ರಸ್ತೆಯಲ್ಲೇ ಬಿಟ್ಟು ನೀವು ಮಾತ್ರ ಹೋಗಿ. ಪಂಕ್ಚರ್ ಆದರೆ ಟ್ಯೂಬ್ ಬದಲಿಸಿ ಗಾಳಿ ಹೊಡೆಯುವ ಅವಸರ ಬೇಡ. ಟೈರಿನ ಒಳಗೆ ಬಟ್ಟೆ ಸುತ್ತಿದ ಬೆರಳನ್ನು ಪೂರ್ತಿ ಒಂದು ಸುತ್ತು ಆಡಿಸಿ. ಮುಳ್ಳಿನ ತುದಿ ಒಳಗೆ ಮುರಿದುಕೊಂಡಿರುತ್ತದೆ, ಹೊರಗೆ ಕಾಣುವುದಿಲ್ಲ. ಅದನ್ನು ಬಿಟ್ಟರೆ ಹೊಸ ಟ್ಯೂಬೂ ಹತ್ತು ನಿಮಿಷದಲ್ಲಿ ಹೋಗುತ್ತದೆ. ಹೆದ್ದಾರಿ ಅಂಚಿನಲ್ಲಿ ಇನ್ನೊಂದಿದೆ: ಒಡೆದ ಲಾರಿ ಟೈರಿನ ಕೂದಲೆಳೆಯಂಥ ತಂತಿ. ಅದಕ್ಕೆ ಸಣ್ಣ ಚಿಮಟ ಬೇಕು.

ಮಧ್ಯಾಹ್ನ ಸೈಕಲ್ಲನ್ನೂ ನೆರಳಿಗೆ ಹಾಕಿ. ಬಿಸಿಲಿಗೆ ಹಳೆ ಪ್ಯಾಚು ಬಿಟ್ಟುಕೊಳ್ಳುತ್ತವೆ. ಗಾಳಿಯನ್ನೂ ಕಲ್ಲಿನ ಹಾಗೆ ತುಂಬಬೇಡಿ. ಸೀಟಿನ ಎತ್ತರ ಒಮ್ಮೆ ನೋಡಿಸಿಕೊಂಡು ಹೋಗಿ, ಮೊಣಕಾಲು ನೋವು ಬರುವುದು ಅದರಿಂದಲೇ.

ಮುಧೋಳದಿಂದ, ಆಸ್ಪತ್ರೆಯಲ್ಲಿ ನರ್ಸ್

ಅಣ್ಣಾರ, ನೀರು ಎಷ್ಟು ಒಯ್ಯಬೇಕು ಅಂತ ನೀವು ಕೇಳಲೇ ಇಲ್ಲ. ತಲಾ 3 ಲೀಟರ್ ಸೈಕಲ್ ಮೇಲೆ ಇರಲಿ, ಸಿಕ್ಕಲ್ಲೆಲ್ಲ ತುಂಬಿಸಿಕೊಳ್ಳಿ. ಬಾಟಲಿಗೆ ಹಳೆ ಕಾಲುಚೀಲ ಹಾಕಿ ಅದನ್ನು ಒದ್ದೆ ಮಾಡಿ. ಗಾಳಿಗೆ ನೀರು ತಂಪಾಗುತ್ತದೆ, ನಮ್ಮ ಮಣ್ಣಿನ ಹೂಜಿಯ ಹಾಗೆ.

ಬರೀ ನೀರೇ ಕುಡಿಯಬೇಡಿ. ಬೆವರಿನಲ್ಲಿ ಉಪ್ಪು ಹೋಗುತ್ತದೆ. ಓಆರ್‌ಎಸ್ ಪುಡಿ ಇಟ್ಟುಕೊಳ್ಳಿ, ಪ್ಯಾಕೆಟ್ ಮೇಲೆ ಬರೆದಷ್ಟೇ ನೀರು ಹಾಕಿ. ಅದು ಇಲ್ಲದಿದ್ದರೆ 1 ಲೀಟರ್ ನೀರಿಗೆ 6 ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಹಾ ಚಮಚ, ತಲೆ ಸವರಿದ ಅಳತೆ. ಉಪ್ಪು ಹಾಕಿದ ಮಜ್ಜಿಗೆಯೂ ಒಳ್ಳೆಯದೇ. ಮೂತ್ರ ಹಳದಿ ಗಾಢ ಆಯಿತು ಅಂದರೆ ನೀರು ಸಾಲುತ್ತಿಲ್ಲ.

ತಲೆನೋವು, ವಾಕರಿಕೆ, ಕಾಲು ಸೆಳೆತ ಬಂದರೆ ಅಂದಿನ ಸವಾರಿ ಅಲ್ಲಿಗೆ ಮುಗಿಯಿತು ಅಂದುಕೊಳ್ಳಿ. ಮಾತು ತಡವರಿಸಿತು, ಕೇಳಿದ್ದಕ್ಕೆ ಏನೋ ಉತ್ತರ ಬಂತು, ಮೈ ಕೆಂಡದ ಹಾಗಿದೆ ಅಂದರೆ ಒಂದು ನಿಮಿಷವೂ ಕಾಯಬೇಡಿ. ನೆರಳಿಗೆ ಎಳೆದು, ಮೈಮೇಲೆ ನೀರು ಸುರಿದು, ಗಾಳಿ ಬೀಸಿ, 108ಕ್ಕೆ ಫೋನ್ ಮಾಡಿ. ಜ್ವರದ ಗುಳಿಗೆ ಕೊಡಬೇಡಿ, ಬಿಸಿಲ ಹೊಡೆತಕ್ಕೆ ಅದು ಕೆಲಸ ಮಾಡುವುದಿಲ್ಲ. ಹದಿನಾರರ ಹುಡುಗರು "ನನಗೇನೂ ಆಗಿಲ್ಲ" ಅನ್ನುತ್ತಲೇ ಬೀಳುತ್ತಾರೆ. ಅವನನ್ನು ಕೇಳಬೇಡಿ, ನೋಡಿ.

ಬೆಳಗಾವಿಯಿಂದ

ನಾಲ್ಕೇ ದಿನ ಇದ್ದರೆ ನಮ್ಮ ಕಡೆ ಬರಬಾರದೇನ್ರೀ? ಖಾನಾಪುರ, ಜಾಂಬೋಟಿ ರಸ್ತೆಯಲ್ಲಿ ಮೇ ತಿಂಗಳಲ್ಲೂ ಗಿಡದ ನೆರಳಿನಲ್ಲೇ ಹೋಗಬಹುದು. ಏರು ಇಳಿವು ಜಾಸ್ತಿ, ಗೇರ್ ಬೇಕು. ಗೋಕಾಕ ಜಲಪಾತ ನೋಡುವ ಆಸೆಗೆ ಮಾತ್ರ ಬೇಸಿಗೆಯಲ್ಲಿ ಬರಬೇಡಿ, ಬಂಡೆ ನೋಡಿಕೊಂಡು ಹೋಗುತ್ತೀರಿ. ಅದಕ್ಕೆ ಮಳೆಗಾಲವೇ ಸರಿ.

ವಿಜಯಪುರದಿಂದ ಇನ್ನೊಬ್ಬರು, ನಿವೃತ್ತರು

ಬಾಗಲಕೋಟೆಯ ತಮ್ಮ ಹೇಳಿದ್ದೆಲ್ಲ ಸರಿ. ರೈಲಿನ ಮಾತು ಮಾತ್ರ ನನಗೆ ಒಪ್ಪಿಗೆ ಇಲ್ಲ. ಮನೆ ಬಾಗಿಲಿನಿಂದ ಪೆಡಲ್ ತುಳಿದು ಹೋಗುವ ಸುಖ ರೈಲಿನಲ್ಲಿ ಎಲ್ಲಿಂದ ಬರಬೇಕು? ರಜೆ ಒಂದು ದಿನ ಹೆಚ್ಚು ಸಿಕ್ಕರೆ ಹೀಗೆ ಮಾಡಿ. ನಸುಕಿನ ನಾಲ್ಕೂವರೆಗೆ ಬಿಡಿ, ಹಿಂದೆ ಮುಂದೆ ದೀಪ ಇರಲಿ. ಎಂಟರ ಸುಮಾರಿಗೆ ಕೊಲ್ಹಾರ. ಅಲ್ಲಿ ಸಣ್ಣ ಮಣ್ಣಿನ ಗಡಿಗೆಯಲ್ಲಿ ಮೊಸರು ಮಾರುತ್ತಾರೆ. ಗಡಿಗೆ ಬೋರಲು ಹಾಕಿದರೂ ಬೀಳುವುದಿಲ್ಲ, ಅಷ್ಟು ಗಟ್ಟಿ. ಮನೆಯಿಂದ ಕಟ್ಟಿಕೊಂಡ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಆ ಮೊಸರು. ಆಮೇಲೆ ಸೇತುವೆ. ಸುಮಾರು ಮೂರು ಕಿಲೋಮೀಟರ್ ಎರಡೂ ಕಡೆ ಹಿನ್ನೀರು. ಬೇಸಿಗೆಯಲ್ಲಿ ನೀರು ಇಳಿದಿರುತ್ತದೆ, ಆದರೂ ಅಲ್ಲಿ ಬೀಸುವ ಗಾಳಿ ತಂಪು. ಸೇತುವೆ ಮೇಲೆ ನಿಲ್ಲಬೇಡಿ, ಲಾರಿಗಳು ಒತ್ತಿಕೊಂಡು ಹೋಗುತ್ತವೆ. ಮಧ್ಯಾಹ್ನ ದಾರಿಯ ಯಾವುದಾದರೂ ಧಾಬಾದಲ್ಲಿ ಮಲಗಿ, ಸಂಜೆ ಗದ್ದನಕೇರಿ ಕ್ರಾಸ್ ಮೇಲೆ ಬಾಗಲಕೋಟೆ.

ಬೇಸಿಗೆಗೆ ಒಂದು ಒಳ್ಳೆಯ ಗುಣವೂ ಇದೆ. ಕಬ್ಬಿನ ಹಂಗಾಮು ಮುಗಿದಿರುತ್ತದೆ. ಎರಡೆರಡು ಟ್ರೇಲರ್ ಕಟ್ಟಿ, ಕಿವಿ ಹರಿಯುವ ಹಾಗೆ ಹಾಡು ಹಚ್ಚಿಕೊಂಡು ಬರುವ ಟ್ರ್ಯಾಕ್ಟರ್‌ಗಳ ಕಾಟ ಇಲ್ಲ.

ಬಾದಾಮಿಯಲ್ಲಿ ಮಂಗಗಳ ಬಗ್ಗೆ ಯಾರೂ ಹೇಳಲಿಲ್ಲ. ಗುಹೆ ಹತ್ತುವಾಗ ಕೈಯಲ್ಲಿ ಚೀಲ, ಬಾಟಲಿ ಏನೂ ಬೇಡ. ಊಟಕ್ಕೆ ಬನಶಂಕರಿಗೆ ಹೋಗಿ, 5 ಕಿ.ಮೀ. ಅಲ್ಲಿ ಹೆಂಗಸರು ಬುಟ್ಟಿಯಲ್ಲಿ ರೊಟ್ಟಿ, ಪಲ್ಯ, ಚಟ್ನಿ, ಮೊಸರು ತಂದು ಕೂತಿರುತ್ತಾರೆ. ಹೊಟ್ಟೆಗೆ ಹಗುರ. ಮಿರ್ಚಿ ಭಜಿ ಮಾತ್ರ ಊರು ಮುಟ್ಟಿದ ಮೇಲೆ.

ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಗ ಪೂರ್ತಿ ಓದಿದ. ಅವನದು 700 ಗಾಲಿ, ಸಣ್ಣ ವಾಲ್ವ್. ಅಡಾಪ್ಟರ್ ಇವತ್ತೇ ತಂದೆ, ಹೆಚ್ಚು ರೇಟೇನಿಲ್ಲ. ಇನ್ನೆರಡು ಸಂಶಯ. ಮಳೆ ಬಂದರೆ? ನಾಯಿ ಬೆನ್ನು ಹತ್ತಿದರೆ?

ಹುನಗುಂದದಿಂದ, ಶಿಕ್ಷಕರು

ಸರ್, ಮೇ ತಿಂಗಳಲ್ಲಿ ಸಂಜೆ ಅಡ್ಡಮಳೆ ಬರುತ್ತದೆ. ಮೊದಲು ಧೂಳು, ಆಮೇಲೆ ಗಾಳಿ, ಗುಡುಗು. ಮೋಡ ಕಪ್ಪಾಯಿತು ಅಂದರೆ ಒಂಟಿ ಗಿಡದ ಕೆಳಗೆ ನಿಲ್ಲಬೇಡಿ, ಸಿಡಿಲು. ಯಾರದಾದರೂ ಮನೆಗೆ ಹೋಗಿ, ನಮ್ಮ ಕಡೆ ಬೇಡ ಅನ್ನುವವರಿಲ್ಲ. ಮಳೆ ನಿಂತ ಮೇಲೆ ಹೊಲದ ಒಳದಾರಿ ಹಿಡಿಯಬೇಡಿ. ಮ್ಯಾಪು ತೋರಿಸುತ್ತದೆ, ನಂಬಬೇಡಿ. ನಾನು ಒಮ್ಮೆ ಎರೆಮಣ್ಣಿನಲ್ಲಿ ಹತ್ತು ಹೆಜ್ಜೆ ಹೋದೆ. ಮಡ್‌ಗಾರ್ಡ್ ಒಳಗೆ ಮಣ್ಣು ತುಂಬಿ ಗಾಲಿ ತಿರುಗುವುದೇ ನಿಂತಿತು. ದೂಡಲೂ ಆಗಲಿಲ್ಲ. ಸೈಕಲ್ ಹೆಗಲ ಮೇಲೆ ಹೊತ್ತೆ, ಚಪ್ಪಲಿ ಅಲ್ಲೇ ಉಳಿಯಿತು. ಒಣಗಿದ ಮೇಲೆ ಆ ಮಣ್ಣನ್ನು ಸ್ಕ್ರೂಡ್ರೈವರಿನಿಂದ ಕೆತ್ತಿ ತೆಗೆಯಬೇಕಾಯಿತು.

ನಾಯಿ ಬಂದರೆ ಜೋರಾಗಿ ತುಳಿಯುವ ಬುದ್ಧಿ ಬೇಡ, ಸೋಲುತ್ತೀರಿ. ಇಳಿದು, ಸೈಕಲ್ ನಡುವೆ ಇಟ್ಟುಕೊಂಡು, ಗದರಿಸಿ ನಿಧಾನ ನಡೆಯಿರಿ. ಕುರಿಗಾರರ ನಾಯಿ ಆಗಿದ್ದರೆ ಯಜಮಾನ ಅಲ್ಲೇ ಎಲ್ಲೋ ಇರುತ್ತಾನೆ, ಕೂಗಿ.

ಕೇಳಿದವರು

ಭಾನುವಾರ ನಸುಕಿನಲ್ಲಿ ಬಬಲೇಶ್ವರದ ತನಕ ಹೋಗಿ ಬಂದೆವು. ಹೋಗುವಾಗ ಮಗ ಮುಂದೆ, ಬರುವಾಗಲೂ ಅವನೇ ಮುಂದೆ. ಒಂಬತ್ತೂವರೆಗೆ ಮನೆ ಮುಟ್ಟಿದಾಗಲೇ ನನ್ನ ಕುತ್ತಿಗೆ ಹಿಂಭಾಗ ಸುಟ್ಟಿತ್ತು. ಹನ್ನೊಂದರ ಮಾತು ಚೆನ್ನಾಗಿ ಅರ್ಥವಾಯಿತು. ನಿವೃತ್ತರು ಕ್ಷಮಿಸಬೇಕು, ಈ ಸಲ ರೈಲಿನಲ್ಲೇ ಬಾದಾಮಿಗೆ ಹೋಗಿ, ಅಲ್ಲಿಂದ ಸೈಕಲ್ ಮೇಲೆ ಮನೆಗೆ ಬರುತ್ತೇವೆ. ಮಲಗುವ ದಿನವನ್ನೂ ದಾರಿಗೇ ಸೇರಿಸಿದ್ದೇನೆ. ಕೊನೆಯ ದಿನ ಬಸವನ ಬಾಗೇವಾಡಿಯಿಂದ ವಿಜಯಪುರ 43 ಕಿ.ಮೀ., ಕಾಲು ಸೋತರೆ ಬಸ್ಸು ಇದ್ದೇ ಇದೆ.

ಮನೆಯವಳೂ ಒಪ್ಪಿದ್ದಾಳೆ. ಒಂದೇ ಶರತ್ತು. ದಿನಾ ಹನ್ನೊಂದಕ್ಕೆ ಫೋನ್ ಮಾಡುತ್ತಾಳಂತೆ. ಯಾವ ನೆರಳಿನಲ್ಲಿ ಕೂತಿದ್ದೇವೆ ಅಂತ ವಿಡಿಯೋದಲ್ಲಿ ತೋರಿಸಬೇಕು.