ಕೋಚ್ ಹೊರಟುಹೋದ ಮೇಲೆ: ಕ್ರೈಸ್ತ ವಿಶ್ವವಿದ್ಯಾಲಯಗಳ ಬ್ಯಾಸ್ಕೆಟ್‌ಬಾಲ್ ಅಭಿಮಾನಿಗಳ ಅನುಭವ ಹಂಚಿಕೆ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಅಮೆರಿಕದ ದಕ್ಷಿಣ ಭಾಗದ ಒಂದು ಸಣ್ಣ ಕ್ರೈಸ್ತ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ವಿದ್ಯಾರ್ಥಿ. ನಮ್ಮ ಪುರುಷರ ಬ್ಯಾಸ್ಕೆಟ್‌ಬಾಲ್ ತಂಡದ ಮುಖ್ಯ ಕೋಚ್ ಕಳೆದ ವಾರ ದೊಡ್ಡ ವಿಶ್ವವಿದ್ಯಾಲಯವೊಂದಕ್ಕೆ ಹೊರಟುಹೋದರು. ಅಂದಿನಿಂದ ಊಟದ ಹಾಲ್‌ನಲ್ಲಿ, ಪ್ರಯೋಗಾಲಯದಲ್ಲಿ, ಚಾಪೆಲ್‌ನ ಮೆಟ್ಟಿಲುಗಳ ಮೇಲೆ ಮುಂದಿನವರು ಯಾರೆಂಬುದೊಂದೇ ಮಾತು. ಬೆಳಿಗ್ಗೆ ಖಚಿತವೆಂದು ಹೇಳಿದ ಹೆಸರು ಸಂಜೆಯ ಹೊತ್ತಿಗೆ ಬಿದ್ದುಹೋಗಿರುತ್ತದೆ. ಯಾರ ಮಾತನ್ನು ಎಷ್ಟರಮಟ್ಟಿಗೆ ನಂಬಬೇಕು? ಕ್ರೈಸ್ತ ಸಂಸ್ಥೆ ಎಂಬುದು ಆಯ್ಕೆಯಲ್ಲಿ ನಿಜಕ್ಕೂ ಲೆಕ್ಕಕ್ಕೆ ಬರುತ್ತದೆಯೇ? ಇಂತಹ ದಿನಗಳನ್ನು ಕಂಡಿರುವ ಕನ್ನಡಿಗರು ತಮ್ಮ ಅನುಭವ ತಿಳಿಸಬೇಕೆಂದು ಕೋರುತ್ತೇನೆ.

ವೇಕೋ, ಟೆಕ್ಸಸ್‌ನಿಂದ

ನಿಮ್ಮ ತಳಮಳ ನನಗೆ ಚೆನ್ನಾಗಿ ಅರ್ಥವಾಗುತ್ತದೆ. 2024ರ ಏಪ್ರಿಲ್‌ನಲ್ಲಿ ಕೆಂಟಕಿ ವಿಶ್ವವಿದ್ಯಾಲಯದ ಕೋಚ್ ಜಾನ್ ಕ್ಯಾಲಿಪಾರಿ ಅರ್ಕನ್ಸಾ ವಿಶ್ವವಿದ್ಯಾಲಯಕ್ಕೆ ಹೋಗುತ್ತಾರೆಂಬ ಸುದ್ದಿ ಬಂದದ್ದೇ ತಡ, ಆ ಜಾಗಕ್ಕೆ ನಮ್ಮ ಬೇಲರ್ ವಿಶ್ವವಿದ್ಯಾಲಯದ ಕೋಚ್ ಸ್ಕಾಟ್ ಡ್ರೂ ಅವರ ಹೆಸರು ಎಲ್ಲರ ಬಾಯಲ್ಲೂ ಕೇಳಿಬಂತು. ಡ್ರೂ ನಮಗೆ ಏನೆಂಬುದನ್ನು ಹೊರಗಿನವರಿಗೆ ಸ್ವಲ್ಪ ವಿವರಿಸಬೇಕಾಗುತ್ತದೆ. ಅವರು 2003ರಲ್ಲಿ ಇಲ್ಲಿಗೆ ಬಂದಾಗ ಆಟಗಾರನೊಬ್ಬನ ಕೊಲೆ ಮತ್ತು ಅದರ ಬೆನ್ನಲ್ಲೇ ಬಯಲಾದ ಅಕ್ರಮಗಳಿಂದ ಬೇಲರ್ ತಂಡ ನೆಲಕಚ್ಚಿತ್ತು. ಶಿಕ್ಷೆಯ ಭಾಗವಾಗಿ 2005–06ರಲ್ಲಿ ತಂಡಕ್ಕೆ ತನ್ನ ಕಾನ್ಫರೆನ್ಸ್‌ನ, ಅಂದರೆ ತಾನು ಸೇರಿರುವ ವಿಶ್ವವಿದ್ಯಾಲಯಗಳ ಗುಂಪಿನ, ಹೊರಗಿನ ಒಂದು ಪಂದ್ಯವನ್ನೂ ಆಡುವ ಅವಕಾಶವಿರಲಿಲ್ಲ. ಅದೇ ತಂಡವನ್ನು ಅವರು 2021ರ ಫೈನಲ್‌ನಲ್ಲಿ ಗೊಂಝಾಗಾ ವಿರುದ್ಧ 86–70ರಿಂದ ಗೆಲ್ಲಿಸಿ ರಾಷ್ಟ್ರೀಯ ಚಾಂಪಿಯನ್ ಮಾಡಿದರು. ಅಂತಹವರು ಹೊರಡಬಹುದೆಂಬ ಮಾತು ಬಂದಾಗ ಊರಿಗೆ ಊರೇ ಕಂಗೆಟ್ಟಿತ್ತು.

ಆಗ ಕೋಚ್‌ನನ್ನು ಕರೆದೊಯ್ಯಲು ವಿಮಾನ ಬರುತ್ತದೆಯೇ ಎಂದು ನೋಡಲು ನಮ್ಮ ಪ್ರಯೋಗಾಲಯದಲ್ಲಿ ವಿಮಾನಗಳ ಹಾದಿ ತೋರಿಸುವ ಆ್ಯಪ್ ತೆರೆದಿಟ್ಟುಕೊಂಡೇ ಕೆಲಸ ನಡೆಯುತ್ತಿತ್ತು. ಭೂಪಟದ ಮೇಲೆ ಹಳದಿ ಬಣ್ಣದ ಪುಟ್ಟ ವಿಮಾನವೊಂದು ಟೆಕ್ಸಸ್‌ನತ್ತ ಮೂತಿ ತಿರುಗಿಸಿದರೆ ಸಾಕು, ಸುತ್ತ ನಿಂತವರು ಮಾತು ನಿಲ್ಲಿಸಿಬಿಡುತ್ತಿದ್ದರು. ಆದರೆ ವಿಮಾನದ ಒಳಗೆ ಯಾರಿದ್ದಾರೆಂಬುದನ್ನಾಗಲಿ, ಕೋಚ್‌ನ ಮನೆಯಲ್ಲಿ ಹೆಂಡತಿ ಮಕ್ಕಳು ಏನೆಂದರೆಂಬುದನ್ನಾಗಲಿ ಆ ಭೂಪಟ ಹೇಳುವುದಿಲ್ಲ. ಏಪ್ರಿಲ್ 11ರಂದು ತಾವು ಬೇಲರ್‌ನಲ್ಲೇ ಉಳಿಯುವುದಾಗಿ ಡ್ರೂ ಅವರೇ ಪ್ರಕಟಿಸಿದ ಮೇಲಷ್ಟೇ ಎಲ್ಲರೂ ನಿಟ್ಟುಸಿರು ಬಿಟ್ಟೆವು.

ಇನ್ನೊಂದು ಸಂಗತಿಯನ್ನು ನೀವು ಗಮನದಲ್ಲಿಡಬೇಕು. ನಮ್ಮವು ಖಾಸಗಿ ವಿಶ್ವವಿದ್ಯಾಲಯಗಳು. ಸರ್ಕಾರಿ ವಿಶ್ವವಿದ್ಯಾಲಯದ ಕೋಚ್‌ನ ಕರಾರುಪತ್ರವನ್ನು ಪತ್ರಕರ್ತರು ಅರ್ಜಿ ಹಾಕಿ ಪಡೆಯಬಹುದು, ನಮ್ಮಲ್ಲಿ ಆ ಹಕ್ಕಿಲ್ಲ. ಲಾಭರಹಿತ ಸಂಸ್ಥೆಗಳು ಸಲ್ಲಿಸುವ 990 ಎಂಬ ತೆರಿಗೆ ನಮೂನೆಯಲ್ಲಿ ಹೆಚ್ಚು ಸಂಬಳ ಪಡೆಯುವವರ ವಿವರ ಇರುತ್ತದೆ, ಆದರೆ ಅದು ಕೈಗೆ ಸಿಗುವಷ್ಟರಲ್ಲಿ ಬಹಳ ಕಾಲ ಕಳೆದಿರುತ್ತದೆ. ಹೀಗಾಗಿ ಇಂತಿಷ್ಟು ಸಂಬಳಕ್ಕೆ ಇಂಥವರು ಒಪ್ಪಿದ್ದಾರೆಂದು ಯಾರಾದರೂ ಡಾಲರ್ ಲೆಕ್ಕದಲ್ಲಿ ಹೇಳಿದರೆ, ಅದು ಅವರಿಗೆ ಎಲ್ಲಿಂದ ತಿಳಿಯಿತೆಂದು ಮೊದಲು ಕೇಳಿರಿ.

ಪ್ರೊವೊ, ಯೂಟಾದಿಂದ

ವೇಕೋದವರು ನಿಟ್ಟುಸಿರು ಬಿಟ್ಟ ಮರುದಿನವೇ ಆ ಬಿರುಗಾಳಿ ನಮ್ಮ ಊರಿಗೆ ಬಂತು. ಏಪ್ರಿಲ್ 12ರಂದು ಕೆಂಟಕಿಯು ನಮ್ಮ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ಕೋಚ್ ಮಾರ್ಕ್ ಪೋಪ್ ಅವರನ್ನು ನೇಮಿಸಿಕೊಂಡಿತು. 1996ರಲ್ಲಿ ಕೆಂಟಕಿ ಚಾಂಪಿಯನ್ ಆದಾಗ ಆ ತಂಡದಲ್ಲಿ ಆಡಿದ್ದವರು ಪೋಪ್. ತಾವು ಆಡಿದ ತಂಡವೇ ಕರೆದಾಗ ಅವರು ಹೋದದ್ದರಲ್ಲಿ ನಾನು ತಪ್ಪು ಕಾಣುವುದಿಲ್ಲ. ನಿಮ್ಮ ಕೋಚ್ ಬಗೆಗೂ ಅಷ್ಟು ಔದಾರ್ಯ ಇಟ್ಟುಕೊಳ್ಳಿರೆಂದು ಕೇಳಿಕೊಳ್ಳುತ್ತೇನೆ.

ಕ್ರೈಸ್ತ ಸಂಸ್ಥೆ ಎಂಬುದು ಲೆಕ್ಕಕ್ಕೆ ಬರುತ್ತದೆಯೇ ಎಂದು ಕೇಳಿದ್ದೀರಿ. ನಮ್ಮಲ್ಲಿ ಲೆಕ್ಕ ಶುರುವಾಗುವುದೇ ಅಲ್ಲಿಂದ. ಈ ವಿಶ್ವವಿದ್ಯಾಲಯ ಮಾರ್ಮನ್ ಪಂಥವೆಂದು ಕರೆಯುವ ಲ್ಯಾಟರ್-ಡೇ ಸೇಂಟ್ಸ್ ಚರ್ಚಿಗೆ ಸೇರಿದ್ದು, ಮುಖ್ಯ ಕೋಚ್ ಆಗುವವರು ಆ ಚರ್ಚಿನ ಸದಸ್ಯರಾಗಿರಬೇಕು. ಆಟಗಾರರಿಗೆ ಈ ಕಟ್ಟುಪಾಡಿಲ್ಲ, ಆದರೆ ಮದ್ಯ, ತಂಬಾಕು, ಕಾಫಿ, ಚಹಾ ಸಲ್ಲದೆನ್ನುವ ನಡವಳಿಕೆ ನಿಯಮ ಅವರಿಗೂ ಅನ್ವಯಿಸುತ್ತದೆ. ತಂಡ ಭಾನುವಾರ ಆಡುವುದಿಲ್ಲ. ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಸಂಸ್ಥೆಯ ರಾಷ್ಟ್ರೀಯ ಟೂರ್ನಿಯ ಪಟ್ಟಿಯನ್ನು ಸಿದ್ಧಪಡಿಸುವಾಗಲೂ ಈ ಒಂದು ಕಾರಣಕ್ಕೆ ನಮ್ಮ ತಂಡವನ್ನು ಗುರುವಾರ, ಶನಿವಾರದ ಸಾಲಿಗೆ ಸೇರಿಸುತ್ತಾರೆ. ಧಾರ್ಮಿಕ ಸಂಸ್ಥೆಗಳು ನೇಮಕಾತಿಯಲ್ಲಿ ತಮ್ಮ ಮತದವರಿಗೆ ಆದ್ಯತೆ ಕೊಡಲು 1964ರ ನಾಗರಿಕ ಹಕ್ಕುಗಳ ಕಾಯ್ದೆಯೇ ವಿನಾಯಿತಿ ನೀಡಿದೆ. ನಮ್ಮ ದೇಶದಿಂದ ಬಂದವರಿಗೆ ಇದು ಮೊದಮೊದಲು ಸೋಜಿಗವೆನಿಸುವುದು ಸಹಜ.

ಇದರಿಂದ ಅಭ್ಯರ್ಥಿಗಳ ಪಟ್ಟಿ ಎಷ್ಟು ಚಿಕ್ಕದಾಗುತ್ತದೆಂದರೆ, ಪೋಪ್ ಹೋದ ದಿನವೇ ಕ್ಯಾಂಪಸ್ಸಿನ ಯಾವ ಹುಡುಗನನ್ನು ಕೇಳಿದರೂ ಹೆಚ್ಚುಕಡಿಮೆ ಅವೇ ಹೆಸರುಗಳನ್ನು ಹೇಳುತ್ತಿದ್ದ. ಮಾರ್ಕ್ ಮ್ಯಾಡ್ಸನ್ ಆಗ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ ಕೋಚ್ ಆಗಿದ್ದರು, ಅಲೆಕ್ಸ್ ಜೆನ್ಸನ್ ಎನ್‌ಬಿಎ ಎಂಬ ವೃತ್ತಿಪರ ಲೀಗ್‌ನಲ್ಲಿ ಸಹಾಯಕ ಕೋಚ್ ಆಗಿದ್ದರು. ಏಪ್ರಿಲ್ 16ರಂದು ಆಯ್ಕೆಯಾದವರು ಫೀನಿಕ್ಸ್ ಸನ್ಸ್ ತಂಡದ ಸಹಾಯಕ ಕೋಚ್ ಕೆವಿನ್ ಯಂಗ್. ಅವರೂ ಅದೇ ಚರ್ಚಿನವರು, ಆದರೆ ಕಾಲೇಜು ತಂಡವೊಂದಕ್ಕೆ ಎಂದೂ ಮುಖ್ಯ ಕೋಚ್ ಆಗಿದ್ದವರಲ್ಲ. ಎನ್‌ಬಿಎಯ ಬೆಂಚಿನಲ್ಲಿ ಕುಳಿತವರು ಸಂಬಳ, ಹೆಸರು ಎಲ್ಲವನ್ನೂ ಬಿಟ್ಟು ಇಲ್ಲಿಗೇಕೆ ಬರುತ್ತಾರೆ ಎಂದು ನನ್ನ ಸ್ನೇಹಿತರೇ ವಾದಿಸಿದ್ದರು. ಬಂದರು, ಮೊದಲ ವರ್ಷವೇ ತಂಡವನ್ನು 2025ರ ಟೂರ್ನಿಯ ಕೊನೆಯ ಹದಿನಾರರ ಘಟ್ಟಕ್ಕೆ ಒಯ್ದರು, ದೇಶದ ಅಗ್ರ ಹೈಸ್ಕೂಲು ಆಟಗಾರರಲ್ಲಿ ಒಬ್ಬನಾದ ಎ.ಜೆ. ಡಿಬಾಂಟ್ಸನನ್ನು ಕರೆತಂದರು.

ನಾನು ಕಂಡುಕೊಂಡದ್ದನ್ನು ನೇರವಾಗಿ ಹೇಳುತ್ತೇನೆ. ಹೆಸರಿನ ಹಿಂದೆ ಓಡುವ ಮೊದಲು ನಿಮ್ಮ ವಿಶ್ವವಿದ್ಯಾಲಯ ಯಾರನ್ನು ನೇಮಿಸಿಕೊಳ್ಳಲು ಸಾಧ್ಯ ಎಂಬುದನ್ನು ತಿಳಿದುಕೊಳ್ಳಿರಿ. ಉದ್ಯೋಗ ಪ್ರಕಟಣೆಗಳನ್ನು ತೆರೆದು, ಮತವಿಶ್ವಾಸದ ಹೇಳಿಕೆಗೆ ಸಹಿ ಬೇಕೆಂದಿದೆಯೇ, ಚರ್ಚಿನ ಸದಸ್ಯತ್ವ ಕೇಳುತ್ತಾರೆಯೇ, ಅಥವಾ ಸಂಸ್ಥೆಯ ಧ್ಯೇಯವನ್ನು ಗೌರವಿಸಿದರೆ ಸಾಕೆಂದಿದೆಯೇ ಎಂದು ಓದಿರಿ. ಕ್ಯಾಥೊಲಿಕ್ ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ ಕೋಚ್‌ನಿಂದ ಸದಸ್ಯತ್ವ ಬೇಡುವುದಿಲ್ಲ, ನಮ್ಮಂಥವು ಬೇಡುತ್ತವೆ, ಉಳಿದವು ಇವೆರಡರ ನಡುವೆ ಎಲ್ಲೋ ಇರುತ್ತವೆ. ಇಷ್ಟು ತಿಳಿದರೆ ದಿನವೂ ಕೇಳಿಬರುವ ಹೆಸರುಗಳಲ್ಲಿ ಅರ್ಧದಷ್ಟನ್ನು ನೀವೇ ಪಕ್ಕಕ್ಕಿಡಬಹುದು.

ನ್ಯಾಶ್‌ವಿಲ್, ಟೆನೆಸ್ಸೀಯಿಂದ

ಪ್ರೊವೊದವರು ಹೇಳಿದ್ದನ್ನು ಒಪ್ಪುತ್ತೇನೆ. ಅದರೊಂದಿಗೆ, ನಿಮ್ಮ ಊರಿನ ಖಾಲಿ ಕುರ್ಚಿಗೆ ಕಾರಣ ಬಹಳ ದೂರದಲ್ಲಿ ಇರಬಹುದೆಂಬುದನ್ನೂ ಸೇರಿಸುತ್ತೇನೆ. 2025ರ ಮಾರ್ಚ್‌ನಲ್ಲಿ ಫಿಲಡೆಲ್ಫಿಯಾ ಬಳಿಯ ಕ್ಯಾಥೊಲಿಕ್ ವಿಶ್ವವಿದ್ಯಾಲಯ ವಿಲನೋವಾ ತನ್ನ ಕೋಚ್‌ನನ್ನು ತೆಗೆದುಹಾಕಿ ಮೇರಿಲ್ಯಾಂಡ್‌ನಿಂದ ಕೆವಿನ್ ವಿಲ್ಲರ್ಡ್ ಅವರನ್ನು ತಂದಿತು. ಮೇರಿಲ್ಯಾಂಡ್ ತನ್ನ ಖಾಲಿ ಜಾಗಕ್ಕೆ ಟೆಕ್ಸಸ್ ಎ ಆ್ಯಂಡ್ ಎಂನಿಂದ ಬಝ್ ವಿಲಿಯಮ್ಸ್ ಅವರನ್ನು ಕರೆಯಿತು. ಟೆಕ್ಸಸ್ ಎ ಆ್ಯಂಡ್ ಎಂನವರು ಅಲಬಾಮದ ಬ್ಯಾಪ್ಟಿಸ್ಟ್ ಮೂಲದ ಸ್ಯಾಮ್‌ಫರ್ಡ್ ವಿಶ್ವವಿದ್ಯಾಲಯದಿಂದ ಬಕಿ ಮ್ಯಾಕ್‌ಮಿಲನ್ ಅವರನ್ನು ಒಯ್ದರು. ಸ್ಯಾಮ್‌ಫರ್ಡ್ ನಮ್ಮ ಲಿಪ್ಸ್‌ಕಂಬ್ ವಿಶ್ವವಿದ್ಯಾಲಯದ ಲೆನ್ನಿ ಅಕಫ್ ಅವರನ್ನು ಕರೆದೊಯ್ದಿತು. ಆಗಷ್ಟೇ ಅವರು ನಮ್ಮನ್ನು ಎನ್‌ಸಿಎಎ ಟೂರ್ನಿಗೆ ಮುಟ್ಟಿಸಿದ್ದರು, ಆ ಸಂತೋಷ ಇನ್ನೂ ಆರಿರಲಿಲ್ಲ.

ವಿಲನೋವಾದಲ್ಲಿ ಕೋಚ್ ಬದಲಾದ ದಿನ ನಮ್ಮಲ್ಲಿ ಒಬ್ಬರಿಗಾದರೂ ಅದು ನಮ್ಮ ಬಾಗಿಲಿಗೆ ಬಂದೀತೆಂಬ ಕಲ್ಪನೆ ಇರಲಿಲ್ಲ. ಆದ್ದರಿಂದ ನಿಮ್ಮ ವಿಶ್ವವಿದ್ಯಾಲಯದ ಮೇಲೆ ಯಾರಿದ್ದಾರೆ ಎಂದು ನೋಡಿದ ಹಾಗೆಯೇ, ನಿಮಗಿಂತ ಒಂದು ಮೆಟ್ಟಿಲು ಕೆಳಗಿನ ತಂಡಗಳಲ್ಲಿ ಯಾರು ಗೆಲ್ಲುತ್ತಿದ್ದಾರೆಂದು ನೋಡಿರಿ. ಮುಂದಿನವರು ಬರುವುದು ಬಹುಪಾಲು ಅಲ್ಲಿಂದ. ನಾವು 2019ರಲ್ಲಿ ಅಕಫ್ ಅವರನ್ನು ತಂದದ್ದು ಹಂಟ್ಸ್‌ವಿಲ್‌ನ ಅಲಬಾಮ ವಿಶ್ವವಿದ್ಯಾಲಯದಿಂದ. ಅದು ಎರಡನೇ ದರ್ಜೆಯಲ್ಲಿ ಆಡುವ ತಂಡ, ಅಲ್ಲಿ ಅವರು ಎರಡು ದಶಕಕ್ಕೂ ಮೀರಿ ಕೋಚ್ ಆಗಿದ್ದವರು. ಸ್ಯಾಮ್‌ಫರ್ಡ್‌ನವರು ಇನ್ನೂ ಧೈರ್ಯ ಮಾಡಿ, 2020ರಲ್ಲಿ ಹೈಸ್ಕೂಲು ಕೋಚ್ ಆಗಿದ್ದ ಮ್ಯಾಕ್‌ಮಿಲನ್ ಅವರನ್ನು ನೇರವಾಗಿ ಮುಖ್ಯ ಸ್ಥಾನದಲ್ಲಿ ಕೂರಿಸಿದ್ದರು. ಆ ತಂಡ 2024ರ ಟೂರ್ನಿಯಲ್ಲಿ ಕ್ಯಾನ್ಸಸ್‌ನಂತಹ ದೈತ್ಯನನ್ನು ಕೊನೆಯ ಕ್ಷಣದವರೆಗೂ ಕಾಡಿ 93–89ರಿಂದ ಸೋತಿತು. ಇಂತಹ ಹೆಸರುಗಳು ಪತ್ರಿಕೆಗಳ ಸಂಭಾವ್ಯರ ಪಟ್ಟಿಯಲ್ಲಿ ಸಿಗುವುದು ಅಪರೂಪ.

ನಮ್ಮ 2019ರ ಕಥೆಯಲ್ಲಿ ಇನ್ನೊಂದು ನೋವಿದೆ. ಅಕಫ್‌ಗಿಂತ ಮೊದಲು ಇದ್ದ ಕೇಸಿ ಅಲೆಕ್ಸಾಂಡರ್ ನಮ್ಮನ್ನು 2018ರಲ್ಲಿ ಮೊದಲ ಬಾರಿಗೆ ಎನ್‌ಸಿಎಎ ಟೂರ್ನಿಗೆ ಕೊಂಡೊಯ್ದವರು. ಮರುವರ್ಷ ಬೆಲ್ಮಾಂಟ್‌ನಲ್ಲಿ ಮೂರು ದಶಕ ದುಡಿದ ರಿಕ್ ಬರ್ಡ್ ನಿವೃತ್ತರಾದಾಗ ಅವರು ಅಲ್ಲಿಗೆ ಹೋದರು. ಬೆಲ್ಮಾಂಟ್ ನಮ್ಮದೇ ರಸ್ತೆಯ ಆಚೆ ತುದಿಯಲ್ಲಿರುವ ಇನ್ನೊಂದು ಕ್ರೈಸ್ತ ವಿಶ್ವವಿದ್ಯಾಲಯ, ನಮ್ಮ ಹಳೆಯ ಎದುರಾಳಿ. ಆದರೆ ಅಲೆಕ್ಸಾಂಡರ್ ಆಟಗಾರನಾಗಿ, ಸಹಾಯಕನಾಗಿ ಬೆಳೆದದ್ದು ಬರ್ಡ್ ಅವರ ಕೈಕೆಳಗೆ. ಕೋಚ್ ಎಲ್ಲಿ ಓದಿದರು, ಯಾರ ಬಳಿ ಕೆಲಸ ಕಲಿತರು ಎಂಬುದನ್ನು ನೋಡಿದ್ದರೆ ಆ ನೇಮಕ ಯಾರಿಗೂ ಅನಿರೀಕ್ಷಿತವಾಗಿರುತ್ತಿರಲಿಲ್ಲ. ವಿಮಾನದ ಹಾದಿಗಿಂತ ಈ ಹಳೆಯ ನಂಟುಗಳೇ ಹೆಚ್ಚು ನಿಜ ಹೇಳುತ್ತವೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ನಮ್ಮಲ್ಲಿ ಬಹಳ ಮಂದಿ ಈಗಿರುವ ಸಹಾಯಕ ಕೋಚ್‌ಗೇ ಬಡ್ತಿ ಕೊಡಬೇಕೆನ್ನುತ್ತಿದ್ದಾರೆ. ಆಟಗಾರರಿಗೂ ಅವರೆಂದರೆ ಪ್ರೀತಿ. ಇದರ ಬಗ್ಗೆ ಅನುಭವವಿದ್ದವರು ಏನಾದರೂ ಹೇಳಬಲ್ಲಿರಾ?

ಫಿಲಡೆಲ್ಫಿಯಾದಿಂದ

ಎರಡೂ ಬಗೆಯ ಫಲ ಉಂಟು. ವಿಲನೋವಾಗೆ 2016 ಮತ್ತು 2018ರಲ್ಲಿ ಪ್ರಶಸ್ತಿ ತಂದ ಜೇ ರೈಟ್ 2022ರಲ್ಲಿ ನಿವೃತ್ತರಾದಾಗ, ಅವರ ಬಳಿ ಪಳಗಿ ಒಂದು ವರ್ಷ ಫೋರ್ಡಮ್ ವಿಶ್ವವಿದ್ಯಾಲಯದಲ್ಲಿ ಮುಖ್ಯ ಕೋಚ್ ಆಗಿದ್ದ ಕೈಲ್ ನೆಪ್ಚೂನ್ ಅವರನ್ನು ಮರಳಿ ಕರೆತಂದರು. ಮೂರು ಋತುಗಳಲ್ಲಿ ಒಮ್ಮೆಯೂ ತಂಡ ಎನ್‌ಸಿಎಎ ಟೂರ್ನಿಗೆ ಹೋಗಲಿಲ್ಲ. ಮನೆಯವನೆಂಬ ಅಭಿಮಾನದಿಂದ ನಾವೆಲ್ಲ ಅವರನ್ನು ಸ್ವಾಗತಿಸಿದ್ದೆವು, ಅವರು ಸಭ್ಯರು, ಶ್ರಮಜೀವಿ. ಆದರೆ ರೈಟ್ ಅವರಂಥವರ ನಂತರ ಬರುವವರ ಮೇಲೆ ಬೀಳುವ ಭಾರ ದೊಡ್ಡದು. ಇನ್ನೊಂದು ಕಡೆ, ಜೆಸ್ಯೂಟ್ ಪಾದ್ರಿಗಳು ಕಟ್ಟಿದ ಶಿಕಾಗೋದ ಲೊಯೋಲಾ ವಿಶ್ವವಿದ್ಯಾಲಯ, 2021ರಲ್ಲಿ ಕೋಚ್ ಪೋರ್ಟರ್ ಮೋಸರ್ ಓಕ್ಲಹೋಮಾಕ್ಕೆ ಹೋದಾಗ 29 ವರ್ಷದ ಸಹಾಯಕ ಡ್ರೂ ವ್ಯಾಲೆಂಟೈನ್‌ಗೆ ಬಡ್ತಿ ಕೊಟ್ಟಿತು, ಮರುವರ್ಷವೇ ಅವರು ತಂಡವನ್ನು ಟೂರ್ನಿಗೆ ಕೊಂಡೊಯ್ದರು.

ಬಡ್ತಿಗೆ ಇರುವ ಬಲವಾದ ಕಾರಣ ಆಟಗಾರರೇ. ಕೋಚ್ ಬದಲಾದಾಗ ಟ್ರಾನ್ಸ್‌ಫರ್ ಪೋರ್ಟಲ್ ಎಂಬ ವರ್ಗಾವಣೆಯ ಬಾಗಿಲು ಆಟಗಾರರಿಗೆ ತೆರೆಯುತ್ತದೆ, ಮತ್ತು 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯ ನಂತರ ವಿಶ್ವವಿದ್ಯಾಲಯಗಳು ಆಟಗಾರರಿಗೆ ನೇರವಾಗಿ ಹಣ ಕೊಡಬಹುದಾಗಿದೆ. ದೊಡ್ಡವರ ಹಣದ ಮುಂದೆ ಸಣ್ಣ ಸಂಸ್ಥೆಗೆ ಉಳಿದಿರುವ ಬಲವೆಂದರೆ ಆಟಗಾರನಿಗೆ ಕೋಚ್ ಮೇಲಿರುವ ವಿಶ್ವಾಸ. ನಿಮ್ಮ ಸಹಾಯಕ ಕೋಚ್‌ನ ಮಾತಿಗೆ ಹುಡುಗರು ನಿಜವಾಗಿ ಉಳಿಯುತ್ತಾರಾದರೆ ಅದು ದೊಡ್ಡ ಅರ್ಹತೆ. ಅವರು ಈಗಾಗಲೇ ಒಬ್ಬೊಬ್ಬರಾಗಿ ಹೊರಡುತ್ತಿದ್ದರೆ ಬಡ್ತಿಯ ವಾದ ಅಲ್ಲಿಗೆ ಮುಗಿಯಿತು.

ಪ್ರೊವೊದಿಂದ ಮತ್ತೆ

ಇನ್ನೊಂದು ಮಾತು ಬಿಟ್ಟುಹೋಗಿತ್ತು. ಈ ದಿನಗಳಲ್ಲಿ ಪತ್ರಕರ್ತರಿಗೆ ಹೆಸರುಗಳನ್ನು ಒದಗಿಸುವವರಲ್ಲಿ ಏಜೆಂಟರೂ ಇರುತ್ತಾರೆ. ತಮ್ಮ ಕೋಚ್‌ಗೆ ಬೇರೆಡೆಯಿಂದ ಬೇಡಿಕೆ ಇದೆಯೆಂದು ಸುದ್ದಿಯಾದರೆ ಅವರ ಈಗಿನ ವಿಶ್ವವಿದ್ಯಾಲಯ ಕರಾರನ್ನು ವಿಸ್ತರಿಸಿ ಸಂಬಳ ಏರಿಸುವ ಸಾಧ್ಯತೆ ಹೆಚ್ಚು. ಒಬ್ಬರೇ ಕೋಚ್‌ನ ಹೆಸರು ಪ್ರತಿ ವಸಂತದಲ್ಲೂ ನಾಲ್ಕಾರು ಊರುಗಳಲ್ಲಿ ಕೇಳಿಬಂದು ಕೊನೆಗೆ ಅವರು ಇದ್ದಲ್ಲೇ ಇದ್ದರೆ, ಮುಂದಿನ ಸಲ ಆ ಹೆಸರಿಗೆ ಅಷ್ಟು ತೂಕ ಕೊಡಬೇಡಿರಿ. ಹಾಗೆಯೇ, ಹೆಸರು ಕೇಳಿಬಂದ ಮಾತ್ರಕ್ಕೆ ಅವರ ಮನೆಯವರಿಗೆ, ಮಕ್ಕಳಿಗೆ ಸಂದೇಶ ಕಳುಹಿಸುವ ಚಟ ಕೆಲವು ಅಭಿಮಾನಿಗಳಲ್ಲಿದೆ. ಅದನ್ನು ನಿಮ್ಮ ಗೆಳೆಯರಲ್ಲಿ ಯಾರೂ ಮಾಡದಂತೆ ದಯವಿಟ್ಟು ನೋಡಿಕೊಳ್ಳಿರಿ. ನಾಳೆ ಅದೇ ಕುಟುಂಬ ನಿಮ್ಮ ಊರಿಗೆ ಬಂದು ನೆಲೆಸಬೇಕಾಗಬಹುದು.

ನಿಮ್ಮ ಕ್ರೀಡಾ ವಿಭಾಗದ ಮುಖ್ಯಸ್ಥರಾದ ಅಥ್ಲೆಟಿಕ್ ಡೈರೆಕ್ಟರ್ ಈ ಮೊದಲು ಎಲ್ಲೆಲ್ಲಿ ಕೆಲಸ ಮಾಡಿದ್ದರು, ಅಲ್ಲಿ ಅವರ ಜೊತೆಗಿದ್ದ ಕೋಚ್‌ಗಳು ಯಾರು ಎಂಬುದನ್ನು ಒಮ್ಮೆ ಹುಡುಕಿ ಇಲ್ಲಿ ಹಾಕಿರಿ. ನೇಮಕದ ನಿರ್ಧಾರ ಹೆಚ್ಚಾಗಿ ಅವರ ಕೈಯಲ್ಲೇ ಇರುತ್ತದೆ. ಆ ಪಟ್ಟಿ ಬಂದರೆ ನಾವೆಲ್ಲ ಸೇರಿ ಯೋಚಿಸಬಹುದು.