ತೋಟದಲ್ಲಿ ಹಬ್ಬಿರುವ ಹಳದಿ ಹೂವಿನ ಬಳ್ಳಿ ಗರುಗವೇ?

ಪ್ರಶ್ನೆ: ಅಡಿಕೆ ಬೆಳೆಗಾರ, ತೀರ್ಥಹಳ್ಳಿ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ಮೂರು ಮಳೆಗಾಲಗಳ ಹಿಂದೆ ನಮ್ಮ ತೋಟದ ಬಸಿಗಾಲುವೆಯ ಅಂಚಿನಲ್ಲಿ ಒಂದು ಮಾರಿನಷ್ಟಿದ್ದ ಹಳದಿ ಹೂವಿನ ಬಳ್ಳಿ ಈಗ ಎರಡೂ ದಡಗಳನ್ನು ಮುಚ್ಚಿ, ದರೆ ಏರಿ, ಒಂದೆಲಗ ಬೆಳೆಯುತ್ತಿದ್ದ ಜಾಗವನ್ನೂ ನುಂಗಿದೆ. ಹೂವು ಪುಟ್ಟ ಸೂರ್ಯಕಾಂತಿಯಂತಿದೆ. ಎಲೆ ದಪ್ಪಗಿದ್ದು ಹೊಳೆಯುತ್ತದೆ. ನಮ್ಮ ತಾಯಿಯವರು ಇದನ್ನು ಹಳದಿ ಗರುಗ, ಅಂದರೆ ಹಳದಿ ಭೃಂಗರಾಜವೆಂದು ನಂಬಿ, ತಲೆಗೆ ಹಚ್ಚುವ ಎಣ್ಣೆ ಕಾಯಿಸಲು ಒಂದು ಬುಟ್ಟಿ ಸೊಪ್ಪು ಕೊಯ್ದಿಟ್ಟಿದ್ದಾರೆ. ಕಳೆ ಕೊಚ್ಚುವ ಯಂತ್ರದಿಂದ ನಾನು ಎರಡು ಸಲ ಸವರಿಸಿದರೂ ಬಳ್ಳಿ ಮೊದಲಿಗಿಂತ ದಟ್ಟವಾಗಿ ಚಿಗುರಿತು. ಇದು ಯಾವ ಗಿಡ ಎಂದು ಬಲ್ಲವರು ತಿಳಿಸಬೇಕು.

ಉತ್ತರ 1: ನಿವೃತ್ತ ಸಸ್ಯಶಾಸ್ತ್ರ ಅಧ್ಯಾಪಕ, ಶಿವಮೊಗ್ಗ

ಎಣ್ಣೆ ಕಾಯಿಸುವುದನ್ನು ದಯವಿಟ್ಟು ಸದ್ಯಕ್ಕೆ ನಿಲ್ಲಿಸಿ. ಸೂರ್ಯಕಾಂತಿಯ ಕುಟುಂಬದಲ್ಲಿ ಹೂವಿನ ಬಣ್ಣವನ್ನು ನಂಬಿದವರು ಮೋಸಹೋಗುವುದೇ ಹೆಚ್ಚು, ಏಕೆಂದರೆ ನಾವು ಒಂದು ಹೂವೆಂದು ಕರೆಯುವುದು ವಾಸ್ತವವಾಗಿ ಹತ್ತಾರು ಕಿರುಹೂಗಳ ಗೊಂಚಲು. ಸುತ್ತಲಿನ ಒಂದೊಂದು ಎಸಳೂ ಒಂದೊಂದು ಹೂವೇ. ಇಲ್ಲಿ ನೋಡಬೇಕಾದದ್ದು ಎಲೆಯನ್ನು. ತುದಿಯ ಕಡೆ ಎಲೆ ಮೂರು ಹಾಲೆಗಳಾಗಿ ಸೀಳಿದ್ದರೆ ಅದು ಸ್ಫ್ಯಾಗ್ನೆಟಿಕೋಲ ಟ್ರೈಲೋಬೇಟ. ನರ್ಸರಿಗಳವರು ಇದನ್ನು ಇಂದಿಗೂ ವೆಡೆಲಿಯ ಎಂಬ ಹಳೆಯ ಹೆಸರಿನಲ್ಲಿಯೇ ಮಾರುತ್ತಾರೆ. ಇದರ ತವರು ಅಮೆರಿಕ ಖಂಡದ ಉಷ್ಣವಲಯ. ಅಲಂಕಾರಕ್ಕೆಂದು ಅಂಗಳಕ್ಕೆ ತಂದದ್ದು ಬೇಲಿ ದಾಟಿದೆ. ಜಗತ್ತಿನ 100 ಅತಿ ಹಾನಿಕರ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿಯೂ ಇದರ ಹೆಸರಿದೆ.

ನಿಮ್ಮ ತಾಯಿಯವರ ಊಹೆ ಆಧಾರವಿಲ್ಲದ್ದೇನಲ್ಲ. ಪೀತಭೃಂಗರಾಜವೆಂಬ ಹಳದಿ ಹೂವಿನ ಗಿಡ ನಿಜವಾಗಿಯೂ ಇದೆ, ಮತ್ತು ಅದು ಈ ಬಳ್ಳಿಯ ಹತ್ತಿರದ ಸಂಬಂಧಿಯೇ. ಆದರೆ ಅದರ ಎಲೆ ಕಿರಿದಾಗಿ ಉದ್ದವಾಗಿರುತ್ತದೆ, ಮುಟ್ಟಿದರೆ ಒರಟು, ಮೂರು ಹಾಲೆಗಳಿರುವುದಿಲ್ಲ. ಮನೆಮನೆಗಳಲ್ಲಿ ಎಣ್ಣೆಗೆ ಬಳಸುವ ಗರುಗದ ಹೂವಾದರೋ ಬಿಳಿ. ಅದರ ಕಾಂಡವನ್ನು ಜಜ್ಜಿ ಸ್ವಲ್ಪ ಹೊತ್ತು ಬಿಟ್ಟರೆ ರಸ ಕಪ್ಪಾಗುತ್ತದೆ. ಅನುಮಾನ ಉಳಿದರೆ ಹೂವು, ಎಲೆ, ಗಿಣ್ಣುಗಳಿರುವ ಒಂದು ಕುಡಿಯನ್ನು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗದವರಿಗೆ ತೋರಿಸಬಹುದು.

ಉತ್ತರ 2: ಜೇನು ಸಾಕಣೆದಾರ, ಹೊಸನಗರ

ಮೇಷ್ಟ್ರು ಹೇಳಿದ್ದನ್ನು ಒಪ್ಪುತ್ತೇನೆ, ಆದರೂ ಒಂದು ಮಾತು. ನಮ್ಮಲ್ಲಿ ಇದರ ಹೂವಿಗೆ ತುಡುವೆ ಜೇನು ಬರುತ್ತದೆ. ಜಡಿಮಳೆಗೆ ದರೆ ಕುಸಿಯದಂತೆಯೂ ಬಳ್ಳಿ ಮಣ್ಣನ್ನು ಹಿಡಿದಿಟ್ಟಿದೆ. ಸಂಪೂರ್ಣವಾಗಿ ಕಿತ್ತು ಹಾಕಲೇಬೇಕೇ?

ಉತ್ತರ 3: ನಿವೃತ್ತ ಸಸ್ಯಶಾಸ್ತ್ರ ಅಧ್ಯಾಪಕ, ಶಿವಮೊಗ್ಗ

ಮಣ್ಣು ಹಿಡಿಯುವುದು ನಿಜ, ಆದರೆ ಹಾಗೆ ಹಿಡಿದ ಮಣ್ಣಿನಲ್ಲಿ ಬೇರೊಂದು ಗಿಡಕ್ಕೆ ಎಡೆಯಿಲ್ಲ. ಒಂದೆಲಗ, ಗರುಗ, ನೆಲನೆಲ್ಲಿಯಂತಹ ಹತ್ತಾರು ಸಣ್ಣ ಗಿಡಗಳಿದ್ದ ದರೆಯ ಮೇಲೆ ಒಂದೇ ಬಳ್ಳಿ ಉಳಿದರೆ ಜೇನಿಗೂ ಲಾಭವೆಂದು ನನಗೆ ಅನ್ನಿಸುವುದಿಲ್ಲ. ದರೆ ಕಡಿದಾಗಿದ್ದರೆ ಒಮ್ಮೆಲೇ ಬೋಳಿಸದೆ, ಸ್ವಲ್ಪ ಸ್ವಲ್ಪವಾಗಿ ಕಿತ್ತು, ಆ ಜಾಗದಲ್ಲಿ ಲಾವಂಚ ನೆಡುತ್ತಾ ಹೋಗಿ.

ಯಂತ್ರದಿಂದ ಸವರಿದ್ದೇ ಪ್ರಶ್ನೆ ಕೇಳಿದವರ ತೋಟದಲ್ಲಿ ಬಳ್ಳಿ ಹೆಚ್ಚಲು ಕಾರಣ. ಇದು ಹಬ್ಬುವುದು ಬೀಜದಿಂದಲ್ಲ, ಮುಖ್ಯವಾಗಿ ತುಂಡುಗಳಿಂದ; ಒಂದೇ ಒಂದು ಗಿಣ್ಣು ಒದ್ದೆ ಮಣ್ಣಿಗೆ ತಾಗಿದರೂ ಬೇರು ಬಿಡುತ್ತದೆ. ಆದ್ದರಿಂದ ಮಣ್ಣು ಮೆದುವಾಗಿರುವಾಗ ಕೈಯಿಂದಲೇ ಬೇರುಸಹಿತ ಎಳೆದು, ತುಂಡುಗಳನ್ನೂ ಆರಿಸಿ, ಬಿಸಿಲಿನ ಬಂಡೆಯ ಮೇಲೆ ಗರಿಗರಿಯಾಗುವವರೆಗೆ ಒಣಗಿಸಬೇಕು. ಹಸಿಯಾಗಿದ್ದಾಗ ಗೊಬ್ಬರದ ಗುಂಡಿಗೂ ಹಾಕಬೇಡಿ, ಹಳ್ಳಕ್ಕಂತೂ ಎಸೆಯಲೇಬೇಡಿ. ಹಳ್ಳದ ನೀರು ಕೆಳಗಿನ ತೋಟಗಳನ್ನು ಹಾದು ತುಂಗೆಯನ್ನು ಸೇರುವಾಗ ಬಳ್ಳಿಯನ್ನೂ ಹಂಚುತ್ತಾ ಹೋಗುತ್ತದೆ. ಕಿತ್ತ ನೆಲದ ಮೇಲೆ ಅಡಿಕೆ ಸೋಗೆ ದಪ್ಪವಾಗಿ ಹೊದಿಸಿ, ಮರಳಿ ಚಿಗುರಿದ್ದನ್ನು ತಿಂಗಳಿಗೊಮ್ಮೆಯಾದರೂ ಕೀಳುತ್ತಿರಬೇಕು.

ಉತ್ತರ 4: ಅಡಿಕೆ ಬೆಳೆಗಾರ, ತೀರ್ಥಹಳ್ಳಿ ತಾಲ್ಲೂಕು

ಇಬ್ಬರಿಗೂ ಧನ್ಯವಾದಗಳು. ಎಲೆಗೆ ಮೂರು ಹಾಲೆಗಳಿವೆ. ತಾಯಿಯವರು ಗದ್ದೆಯ ಬದುವಿನಿಂದ ಬಿಳಿ ಹೂವಿನ ಗರುಗ ತಂದು ಎರಡನ್ನೂ ಅಕ್ಕಪಕ್ಕದಲ್ಲಿ ಜಜ್ಜಿ ನೋಡಿದರು. ಗರುಗದ ರಸ ಮಾತ್ರ ಕಪ್ಪಾಯಿತು. ಬುಟ್ಟಿಯ ಸೊಪ್ಪು ಈಗ ಅಂಗಳದ ಬಂಡೆಯ ಮೇಲೆ ಒಣಗುತ್ತಿದೆ, ಬಳ್ಳಿ ಕೀಳುವ ಕೆಲಸವನ್ನು ನಾಳೆ ಕಾಲುವೆಯ ಮೇಲ್ತುದಿಯಿಂದ ಆರಂಭಿಸುತ್ತೇವೆ.