ಸಿಂಗಾಪುರದಲ್ಲಿ ಹಳೆಯದು ಅಂತ ಏನಾದರೂ ಉಳಿದಿದೆಯಾ?

ನಕ್ಷೆಹುಡುಗಿ:

ಎಲ್ಲರಿಗೂ ನಮಸ್ಕಾರ. ನಾನು ಆರ್ಕಿಟೆಕ್ಚರ್ ಎರಡನೇ ವರ್ಷ ಓದುತ್ತಿದ್ದೇನೆ. ಮುಂದಿನ ತಿಂಗಳು ಅಪ್ಪ ಅಮ್ಮನ ಜೊತೆ ನಾಲ್ಕು ದಿನ ಸಿಂಗಾಪುರಕ್ಕೆ ಹೊರಟಿದ್ದೇನೆ. ಮರೀನಾ ಬೇ ಸ್ಯಾಂಡ್ಸ್ ಹೇಗಿದ್ದರೂ ನೋಡುತ್ತೇವೆ. ಮೂರು ಟವರ್‌ಗಳ ತಲೆ ಮೇಲೆ 340 ಮೀಟರ್ ಉದ್ದದ ತೋಟ ಕೂರಿಸಿದ್ದಾರೆ, ಅದನ್ನು ಬಿಡೋಕಾಗುವುದಿಲ್ಲ. ಆದರೆ ಕಾಲೇಜಿನಲ್ಲಿ ಎಲ್ಲರದ್ದೂ ಒಂದೇ ಮಾತು: ಅಲ್ಲಿ ಹಳೆಯದು ಏನೂ ಇಲ್ಲ, ಎಲ್ಲ ಕೆಡವಿ ಗಾಜಿನ ಕಟ್ಟಡ ಎಬ್ಬಿಸಿದ್ದಾರೆ. ನಿಜವಾ? ಅಲ್ಲೇ ಇರುವವರು ಹೇಳಿ. ಹಳೆಯದಕ್ಕೂ ಹೊಸದಕ್ಕೂ ನಂಟು ಎಲ್ಲಾದರೂ ಕಾಣುತ್ತದಾ? ಒಂದು ದಿನ ಪೂರ್ತಿ ನನ್ನದೇ, ಎಷ್ಟು ಬೇಕಾದರೂ ನಡೆಯುತ್ತೇನೆ.

ಸುಣ್ಣದಗಾರೆ:

ಎಲ್ಲ ಕೆಡವಿದ್ದಾರೆ ಅನ್ನುವುದು ಸುಳ್ಳು. ತುಂಬ ಕೆಡವಿದ್ದಾರೆ ಅನ್ನುವುದು ನಿಜ. ಕಾನೂನಿನ ರಕ್ಷಣೆ ಇರುವ ಹಳೆಯ ಕಟ್ಟಡಗಳೇ ಇಲ್ಲಿ 7,000ಕ್ಕಿಂತ ಜಾಸ್ತಿ ಇವೆ. ಬಹುಪಾಲು ಶಾಪ್‌ಹೌಸ್‌ಗಳು. ಹನ್ನೊಂದು ವರ್ಷದಿಂದ ಅವುಗಳ ರಿಪೇರಿ ಸೈಟುಗಳಲ್ಲೇ ನನ್ನ ಕೆಲಸ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಶಾಪ್‌ಹೌಸ್ ಅಂದರೆ ಕೆಳಗೆ ಅಂಗಡಿ, ಮೇಲೆ ಮನೆ. ಎದುರಿನಿಂದ ಕಿರಿದು, ಒಳಗೆ ಹೋದಷ್ಟೂ ಉದ್ದ. ಅಕ್ಕಪಕ್ಕದ ಮನೆಗಳಿಗೆ ನಡುವೆ ಒಂದೇ ಗೋಡೆ. ಪಕ್ಕಕ್ಕೆ ಕಿಟಕಿ ಇಡುವ ಹಾಗಿಲ್ಲ, ಅದಕ್ಕೇ ಮಧ್ಯದಲ್ಲಿ ತೊಟ್ಟಿ ಬಿಡುತ್ತಾರೆ. ಬೆಳಕು, ಗಾಳಿ, ಮಳೆ ಎಲ್ಲ ಅಲ್ಲಿಂದಲೇ ಇಳಿಯಬೇಕು. ಎದುರಿಗೆ ಮೇಲಿನ ಮಹಡಿ ಮುಂದಕ್ಕೆ ಚಾಚಿ, ಅದರ ಅಡಿಯಲ್ಲಿ ನಡೆಯೋಕೆ ದಾರಿ. ಅದಕ್ಕೆ ‘ಫೈವ್ ಫುಟ್ ವೇ’ ಅನ್ನುತ್ತಾರೆ, ಐದಡಿ ದಾರಿ. ಇಲ್ಲಿ ಬ್ರಿಟಿಷರ ನೆಲೆ ಶುರು ಮಾಡಿದ ರಾಫಲ್ಸ್ 1822ರಲ್ಲೇ ಊರಿನ ಸಮಿತಿಗೆ ಬರೆದುಕೊಟ್ಟಿದ್ದ: ಪ್ರತಿ ಮನೆಗೂ ಒಂದೇ ಅಳತೆಯ ಜಗಲಿ ಇರಬೇಕು, ಅದು ಬೀದಿಯುದ್ದಕ್ಕೂ ಜನರಿಗೆ ಸದಾ ತೆರೆದಿರಬೇಕು ಅಂತ. ಜಾಗ ಮಾಲೀಕನದು, ನೆರಳು ದಾರಿಹೋಕನದು. ನನಗೆ ಈ ಊರಿನಲ್ಲಿ ಅತಿ ಇಷ್ಟವಾದ ವಿಷಯ ಇದು.

ಕಳೆದ ವರ್ಷ ಚೈನಾಟೌನ್ ಕಡೆ ಒಂದು ಮನೆಯ ಕೆಲಸ ಬಂತು. ಗೋಡೆಯ ಬುಡದಲ್ಲಿ ಮೊಣಕಾಲೆತ್ತರಕ್ಕೆ ಬಣ್ಣ ಹಪ್ಪಳದ ಹಾಗೆ ಉಬ್ಬಿ ನಿಂತಿತ್ತು. ಬೆರಳಿನಿಂದ ಒತ್ತಿದರೆ ಬಿಳಿ ಉಪ್ಪು ಪುಡಿಪುಡಿಯಾಗಿ ಉದುರುತ್ತಿತ್ತು. ಹಿಂದೆ ಯಾರೋ ಸಿಮೆಂಟ್ ಗಾರೆ ಹೊಡೆದು, ಮೇಲೆ ಪ್ಲಾಸ್ಟಿಕ್ ಬಣ್ಣ ಬಳಿದಿದ್ದರು. ಆ ಕಾಲದ ಇಟ್ಟಿಗೆ ಮೆದು, ನೆಲದ ತೇವ ಹೀರುತ್ತದೆ. ಸುಣ್ಣದ ಗಾರೆ ಇದ್ದರೆ ಆ ತೇವ ಹೊರಗೆ ಆರಿಹೋಗುತ್ತದೆ. ಸಿಮೆಂಟು ದಾರಿ ಮುಚ್ಚುತ್ತದೆ, ನೀರು ಗೋಡೆಯೊಳಗೇ ಮೇಲೆ ಹತ್ತುತ್ತದೆ. ಮೂರು ವಾರ ಸಿಮೆಂಟು ಕೆತ್ತಿದೆವು. ಗೋಡೆ ಆರುವ ತನಕ ಸುಮ್ನೆ ಕಾದೆವು. ಆಮೇಲೆ ಸುಣ್ಣದ ಗಾರೆ. ಕೆತ್ತುವಾಗ ಬಾಗಿಲ ಪಕ್ಕದಲ್ಲಿ ಹಳೆಯ ಬಣ್ಣಗಳು ಒಂದರ ಕೆಳಗೊಂದು ಕಂಡವು: ಬಿಳಿ, ತಿಳಿಹಸಿರು, ಹಳದಿ, ಎಲ್ಲಕ್ಕಿಂತ ಕೆಳಗೆ ನೀಲಿ ಹಾಕಿದ ಸುಣ್ಣ. ಆ ನೀಲಿಯ ಮೇಲೆ ಅಂಗೈ ಇಟ್ಟೆ, ತಣ್ಣಗಿತ್ತು. ಅಂಗೈಯಗಲದ ಆ ತುಂಡನ್ನು ಹಾಗೇ ಬಿಟ್ಟು ಸುತ್ತ ಗಾರೆ ಮಾಡಿಸಿದೆ.

ಇಷ್ಟು ಒಳ್ಳೆಯ ಮನೆಗಳು ಯಾಕೆ ಹಾಳಾದವು? ದೊಡ್ಡ ಕಾರಣ ಬಾಡಿಗೆ. 1947ರ ಕಾನೂನು ಹಳೆಯ ಕಟ್ಟಡಗಳ ಬಾಡಿಗೆಯನ್ನು ಯುದ್ಧಕ್ಕೆ ಮುಂಚಿನ ಮಟ್ಟದಲ್ಲೇ ಕಟ್ಟಿಹಾಕಿತು. ಬಡವರಿಗೆ ತಲೆ ಮೇಲೊಂದು ಸೂರು ಉಳಿಯಿತು, ಆದರೆ ಮಾಲೀಕರು ಒಡೆದ ಹೆಂಚು ಬದಲಿಸೋಕೂ ಕೈ ಬಿಚ್ಚಲಿಲ್ಲ. ಒಂದೊಂದು ಮಹಡಿಯನ್ನು ಹಲಗೆ ಅಡ್ಡ ಹಾಕಿ ಗೂಡು ಗೂಡು ಮಾಡಿ ಜನ ಬದುಕಿದರು. 1961ರಲ್ಲಿ ಬುಕಿತ್ ಹೊ ಸ್ವೀ ಗುಡಿಸಲುಗಳಿಗೆ ಬೆಂಕಿ ಬಿದ್ದು ಸುಮಾರು 16,000 ಜನ ಬೀದಿಗೆ ಬಂದರು. ಅದರ ಹಿಂದಿನ ವರ್ಷವಷ್ಟೇ ಹುಟ್ಟಿದ ವಸತಿ ಮಂಡಳಿ, ಅಂದರೆ ಎಚ್‌ಡಿಬಿ, ಬಿಡುವಿಲ್ಲದೆ ಫ್ಲ್ಯಾಟ್ ಕಟ್ಟಬೇಕಾಯಿತು. ಆ ಹೊತ್ತಿನಲ್ಲಿ ಹಳೆಯ ಗೋಡೆ ಉಳಿಸಿ ಅನ್ನೋಕೆ ಯಾರಿಗೆ ಬಾಯಿ ಬರುತ್ತದೆ? 1989ರಲ್ಲಿ ಚೈನಾಟೌನ್, ಲಿಟಲ್ ಇಂಡಿಯಾ, ಕಂಪಾಂಗ್ ಗ್ಲಾಮ್ ಸೇರಿ ಹತ್ತು ಪ್ರದೇಶಗಳನ್ನು ರಕ್ಷಿತ ಅಂತ ಘೋಷಿಸಿದರು. ಉಳಿದದ್ದು ಆಗ ಉಳಿಯಿತು.

ಹಳೆಯದಕ್ಕೂ ಹೊಸದಕ್ಕೂ ನಂಟು ಕೇಳಿದಿರಲ್ಲ, ಅದಕ್ಕೆ ಮೇಲೆ ನೋಡಬೇಡಿ, ನೆಲಮಟ್ಟದಲ್ಲಿ ನೋಡಿ. ಎಚ್‌ಡಿಬಿ ಬ್ಲಾಕ್‌ನಿಂದ ಬಸ್ ಸ್ಟಾಪಿಗೆ ಹೋಗೋಕೆ ಚಾವಣಿ ಹಾಕಿದ ದಾರಿ ಇರುತ್ತದೆ. ಜೋರು ಮಳೆಯಲ್ಲೂ ಕೊಡೆ ಬಿಚ್ಚದೆ ಹೋಗಬಹುದು. ನನ್ನ ಪಾಲಿಗೆ ಅದು ಐದಡಿ ದಾರಿಯೇ, ರೂಪ ಮಾತ್ರ ಬೇರೆ.

ಹಿಂದಿನಓಣಿ:

ಸುಣ್ಣದಗಾರೆಯವರ ಮಾತು ಚೆನ್ನಾಗಿದೆ, ಆದರೆ ಒಂದು ಬದಿ ಬಿಟ್ಟುಹೋಗಿದೆ. ಗೋಡೆ ಉಳಿಯಿತು ಸರಿ, ಒಳಗಿದ್ದವರು ಎಲ್ಲಿ? ಆ ಮನೆಗಳಲ್ಲಿ ಈಗ ಆಫೀಸು, ಬಾರು, ಹೋಟೆಲು. ಮೇಲಿನ ಮಹಡಿಯಲ್ಲಿ ಬಟ್ಟೆ ಒಣಹಾಕಿದ್ದು ಕಾಣುವುದೇ ಅಪರೂಪ. ಚೈನಾಟೌನ್‌ನಂಥ ಕಡೆ ಇಡೀ ಕಟ್ಟಡ ಉಳಿಸಬೇಕು ಅಂತ ನಿಯಮ ಇದೆ. ಜೂ ಚಿಯಾಟ್‌ನಂಥ ಕಡೆ ಮುಂದಿನ ಭಾಗ ಉಳಿಸಿಕೊಂಡು ಹಿಂದೆ ಎತ್ತರಕ್ಕೆ ಕಟ್ಟಬಹುದು. ಹಿಂದಿನ ಓಣಿಗೆ ಹೋಗಿ ನಿಂತರೆ ಅದೇ ಬೇರೆ ಊರು ಅನ್ನಿಸುತ್ತದೆ.

ಇನ್ನೊಂದು ನೋವು. ಸ್ಟ್ಯಾಮ್‌ಫರ್ಡ್ ರಸ್ತೆಯಲ್ಲಿ 1960ರ ಕೆಂಪಿಟ್ಟಿಗೆಯ ನ್ಯಾಷನಲ್ ಲೈಬ್ರರಿ ಇತ್ತು. ಜನ ಎಷ್ಟು ಬೇಡಿಕೊಂಡರೂ ಸುರಂಗ ರಸ್ತೆಗಾಗಿ 2004ರಲ್ಲಿ ಕೆಡವಿದರು. ಬಾಗಿಲ ಎರಡು ಕಂಬ ಮಾತ್ರ ಅಲ್ಲೇ ನಿಂತಿವೆ. ದಯವಿಟ್ಟು ಹೋಗಿ ನೋಡಿ.

ತೋಪಾಯೊ ಅಮ್ಮ:

ಮಗಳೇ, ನಾನು ತೋಪಾಯೊದ ಫ್ಲ್ಯಾಟಿನಲ್ಲಿ ಇಪ್ಪತ್ತಾರು ವರ್ಷದಿಂದ ಇದ್ದೇನೆ. ಇಲ್ಲಿ ಹತ್ತರಲ್ಲಿ ಸುಮಾರು ಎಂಟು ಜನ ಇಂಥ ಫ್ಲ್ಯಾಟುಗಳಲ್ಲೇ ಇರುವುದು. ಆದರೂ ನೋಡೋಕೆ ಬಂದವರು ಇತ್ತ ತಿರುಗುವುದೇ ಇಲ್ಲ. ನಮ್ಮ ಬ್ಲಾಕಿನ ಕೆಳಗೆ ಮನೆಗಳಿಲ್ಲ, ಬರೀ ಕಂಬಗಳು. ವಾಯ್ಡ್ ಡೆಕ್ ಅನ್ನುತ್ತಾರೆ. ಒಂದು ಶನಿವಾರ ಅಲ್ಲಿ ಮಲಯ್ ಹುಡುಗಿಯ ಮದುವೆ ಊಟ ನಡೆಯಿತು. ಅದೇ ವಾರ ಅದೇ ಜಾಗದಲ್ಲಿ ಒಂಬತ್ತನೇ ಮಹಡಿಯ ಚೀನೀ ಅಜ್ಜನನ್ನು ಮಲಗಿಸಿ ಮೂರು ರಾತ್ರಿ ದೀಪ ಹಚ್ಚಿಟ್ಟಿದ್ದರು. ಮಧ್ಯಾಹ್ನ ನಾನು ಕೂರುವ ಕಲ್ಲುಬೆಂಚೂ ಅಲ್ಲೇ. ಕಟ್ಟಡ ಓದುವವಳು ಇದನ್ನು ನೋಡದೆ ಹೋಗಬೇಡ.

ಲಾವ್ ಪಾ ಸಾತ್‌ಗೂ ಹೋಗಿ ಬಾ. ಎಂಟು ಮೂಲೆಯ ಹಳೆಯ ಮಾರ್ಕೆಟ್ಟು, ಗ್ಲಾಸ್ಗೋದಿಂದ ತರಿಸಿದ ಎರಕದ ಕಬ್ಬಿಣದಿಂದ 1894ರಲ್ಲಿ ಕಟ್ಟಿದ್ದು. 1980ರ ದಶಕದಲ್ಲಿ ಮೆಟ್ರೋ ಸುರಂಗ ಕೊರೆಯುವಾಗ ಅದನ್ನು ತುಂಡು ತುಂಡಾಗಿ ಬಿಚ್ಚಿಟ್ಟು, ಆಮೇಲೆ ಮತ್ತೆ ಜೋಡಿಸಿದರು. ಊಟವನ್ನೂ ಅಲ್ಲೇ ಮಾಡಿ.

ಸುಣ್ಣದಗಾರೆ:

ಹಿಂದಿನಓಣಿಯವರೇ, ಒಳಗಿದ್ದ ಜನರ ವಿಷಯದಲ್ಲಿ ನಿಮ್ಮ ಮಾತು ಪೂರ್ತಿ ಒಪ್ಪುತ್ತೇನೆ. ನಾನು ಗಾರೆ ಹಾಕಿಸುವ ಮನೆಗಳಲ್ಲಿ ಯಾರ ಅಜ್ಜಿ ಅಡುಗೆ ಮಾಡುತ್ತಿದ್ದಳೋ ನನಗೆ ತಿಳಿಯುವುದಿಲ್ಲ, ಮಸಿ ಹಿಡಿದ ಗೋಡೆ ಮಾತ್ರ ಕಾಣುತ್ತದೆ. ಆದರೂ ಗೋಡೆ ಉಳಿದರೆ ಕೇಳುವವರಿಗೆ ತೋರಿಸೋಕೆ ಏನಾದರೂ ಇರುತ್ತದೆ. ಈಗ ಹೊಸ ಕಾಲದ ಕಟ್ಟಡಗಳ ಸರದಿ ಬಂದಿದೆ. ಕುದುರೆಲಾಳದ ಆಕಾರದ ಪರ್ಲ್ ಬ್ಯಾಂಕ್ ಅಪಾರ್ಟ್‌ಮೆಂಟ್, 1976ರದ್ದು, 38 ಮಹಡಿ, ಕೆಡವಿದರು. ಆ ವಾರ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. 1973ರ ಗೋಲ್ಡನ್ ಮೈಲ್ ಕಾಂಪ್ಲೆಕ್ಸ್‌ಗೆ 2021ರಲ್ಲಿ ರಕ್ಷಣೆ ಸಿಕ್ಕಿತು. ಅಷ್ಟು ಸಮಾಧಾನ.

ನಕ್ಷೆಹುಡುಗಿ:

ಎಲ್ಲರಿಗೂ ತುಂಬ ಧನ್ಯವಾದ. ಅಮ್ಮ, ತೋಪಾಯೊಗೆ ಖಂಡಿತ ಬರುತ್ತೇನೆ. ಸುಣ್ಣದಗಾರೆಯವರೇ, ಒಂದೇ ದಿನ ನಡೆಯೋಕೆ ಯಾವ ದಾರಿ ಹಿಡಿಯಲಿ?

ಸುಣ್ಣದಗಾರೆ:

ಬೆಳಿಗ್ಗೆ ಮ್ಯಾಕ್ಸ್‌ವೆಲ್ ರಸ್ತೆಯ ಸಿಟಿ ಗ್ಯಾಲರಿಯಿಂದ ಶುರು ಮಾಡಿ, ಇಡೀ ಪೇಟೆಯ ದೊಡ್ಡ ಮಾದರಿ ಅಲ್ಲಿದೆ. ಹತ್ತಿರದಲ್ಲೇ ಸೌತ್ ಬ್ರಿಡ್ಜ್ ರಸ್ತೆಯಲ್ಲಿ 1827ರಲ್ಲಿ ಶುರುವಾದ ಮಾರಿಯಮ್ಮನ ಗುಡಿ. ಆಮೇಲೆ ನೀಲ್ ರಸ್ತೆ ಹತ್ತಿ, ಐದಡಿ ದಾರಿಯಲ್ಲೇ ನಡೆಯಿರಿ, ನೆಲದ ಹೆಂಚುಗಳು ಮನೆಯಿಂದ ಮನೆಗೆ ಬದಲಾಗುವುದನ್ನು ಗಮನಿಸಿ. 157ನೇ ನಂಬರಿನ ನೀಲಿ ಮನೆ ಬಾಬಾ ಹೌಸ್, ಮ್ಯೂಸಿಯಂ ಮಾಡಿದ ಹಳೆಯ ಮನೆ. ಮೊದಲೇ ಬುಕ್ ಮಾಡಬೇಕು, ಇವತ್ತೇ ಮಾಡಿ. ತೊಟ್ಟಿಯ ಕೆಳಗೆ ನಿಂತು ಒಮ್ಮೆ ಕತ್ತೆತ್ತಿ.

ಸಂಜೆ ಪಿನಾಕಲ್ ಅಟ್ ಡಕ್ಸ್‌ಟನ್. ಎಚ್‌ಡಿಬಿಯ 50 ಮಹಡಿಯ ಏಳು ಟವರ್‌ಗಳು, 2009ರಲ್ಲಿ ಮುಗಿದದ್ದು. ಟಿಕೆಟ್ ತೆಗೆದುಕೊಂಡು ಮೇಲಿನ ಸೇತುವೆಗೆ ಹೋಗಿ. ಎಲ್ಲರೂ ಸಮುದ್ರದ ಕಡೆ ನಿಲ್ಲುತ್ತಾರೆ. ನೀವು ಇನ್ನೊಂದು ಬದಿಗೆ ಬಂದು ಕೆಳಗೆ ನೋಡಿ: ಕೆಂಪು ಹೆಂಚಿನ ಸಾಲುಗಳು, ಅವುಗಳ ನಡುನಡುವೆ ಚೌಕಚೌಕ ಕಪ್ಪು ತೂತುಗಳು. ಅವೇ ತೊಟ್ಟಿಗಳು. ಸ್ಕೆಚ್ ಮಾಡಿದರೆ ಇಲ್ಲಿ ಹಾಕಿ, ನೋಡೋಣ.